ಉಷ್ಣವಲಯದ ಪ್ರವಾಸ: ಲೆಕ್ಕ ಮನೆಯ ಕಿರಿಯರಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ರಜೆ ಹತ್ತಿರವಾದಂತೆ ಪ್ರವಾಸ ಪುರವಣಿಗಳ ತುಂಬ ಉಷ್ಣವಲಯದ ದ್ವೀಪಗಳು, ಕಡಲತೀರಗಳೇ ಕಾಣುತ್ತವೆ. ವಿಮಾನ, ಹೋಟೆಲು, ನೋಡಬೇಕಾದ ಜಾಗಗಳ ಮಾಹಿತಿಗೆ ಕೊರತೆಯಿಲ್ಲ. ಆದರೆ ಆ ಲೇಖನಗಳು ಗಟ್ಟಿಮುಟ್ಟಾದ ಒಬ್ಬ ವಯಸ್ಕನಿಗಾಗಿ ಬರೆದಂತಿರುತ್ತವೆ. ಹತ್ತು ತಿಂಗಳ ಕೂಸು, ಆರು ವರ್ಷದ ಹುಡುಗಿ, ಎಪ್ಪತ್ತು ದಾಟಿದ ಅಜ್ಜ ಒಟ್ಟಿಗೆ ಹೊರಟಾಗ ಲೆಕ್ಕವೇ ಬೇರೆ. ಯಾವ ದೇಶ, ಯಾವ ತಿಂಗಳು, ಯಾವ ಔಷಧ, ಎಲ್ಲಿ ನೀರಿಗಿಳಿಯುವುದು ಎಂಬುದನ್ನೆಲ್ಲ ಮನೆಯ ಅತಿ ಕಿರಿಯರನ್ನೂ ಅತಿ ಹಿರಿಯರನ್ನೂ ಮುಂದಿಟ್ಟುಕೊಂಡೇ ತೀರ್ಮಾನಿಸಬೇಕು. ಪುರವಣಿಗಳು ಇದನ್ನು ವಿವರವಾಗಿ ಬರೆಯಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಟಿಕೆಟ್ ಕಾಯ್ದಿರಿಸಿದ ಮೇಲೆ ವೈದ್ಯರ ಬಳಿ ಹೋಗುವುದು ಸಾಮಾನ್ಯವಾಗಿ ಆಗುವ ಮೊದಲ ತಪ್ಪು. ಹೊರಡುವುದಕ್ಕೆ ಕನಿಷ್ಠ ಆರು ವಾರ ಮುಂಚೆ, ಸಾಧ್ಯವಾದರೆ ಹಣ ಕಟ್ಟುವುದಕ್ಕೂ ಮುಂಚೆ ಹೋಗಬೇಕು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಬೇಕಾಗುವ ಹಳದಿ ಜ್ವರದ ಲಸಿಕೆಯನ್ನೇ ನೋಡಿ. ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಅದರ ಪ್ರಮಾಣಪತ್ರಕ್ಕೆ ಮಾನ್ಯತೆ. 2016ರ ಜುಲೈ 11ರಿಂದ ಆ ಪತ್ರ ಜೀವನಪೂರ್ತಿ ನಡೆಯುತ್ತದೆ, ಹಾಗಾಗಿ ಹಳೆಯದು ಇದ್ದರೆ ಎಸೆಯಬಾರದು. ಆದರೆ ಒಂಬತ್ತು ತಿಂಗಳೊಳಗಿನ ಮಕ್ಕಳಿಗೆ ಈ ಲಸಿಕೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅರವತ್ತು ದಾಟಿದವರು ಮೊದಲ ಬಾರಿ ಹಾಕಿಸಿಕೊಳ್ಳುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ದಡಾರದ ಲಸಿಕೆಗೂ ಇದಕ್ಕೂ ನಾಲ್ಕು ವಾರಗಳ ಅಂತರವಿರಲಿ ಎಂದು ಕೆಲವು ದೇಶಗಳ ಮಾರ್ಗಸೂಚಿಗಳು ಹೇಳುತ್ತವೆ. ಎಂಟು ತಿಂಗಳ ಮಗುವಿರುವ ಮನೆಯವರು ಇದನ್ನು ಕೊನೆಯ ವಾರದಲ್ಲಿ ತಿಳಿದುಕೊಂಡರೆ ದೇಶ ಬದಲಿಸುವ ಅವಕಾಶವೂ ಉಳಿದಿರುವುದಿಲ್ಲ.

ಮಲೇರಿಯಾ ತಡೆಯುವ ಮಾತ್ರೆಗಳಲ್ಲೂ ವಯಸ್ಸು, ತೂಕದ್ದೇ ಮಾತು. ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನವರಿಗೆ ಸಲ್ಲದು. ಮೆಫ್ಲೋಕ್ವಿನ್ ಅನ್ನು ಹೊರಡುವ ಎರಡು ವಾರ ಮುಂಚೆಯೇ ಶುರುಮಾಡಬೇಕು, ಅಪಸ್ಮಾರ ಅಥವಾ ಮಾನಸಿಕ ಕಾಯಿಲೆಯ ಹಿನ್ನೆಲೆ ಇದ್ದವರಿಗೆ ಅದು ಬೇಡ. ಅಟೊವಾಕ್ವೋನ್-ಪ್ರೊಗ್ವಾನಿಲ್ ಒಂದೆರಡು ದಿನ ಮುಂಚೆ ಶುರುವಾದರೆ ಸಾಕು, ಮಕ್ಕಳಿಗೆ ತೂಕದ ಮೇಲೆ ಪ್ರಮಾಣ ನಿಗದಿಯಾಗುತ್ತದೆ. ಜನ ಎಡವುವುದು ವಾಪಸಾದ ಮೇಲೆ. ಊರಿಗೆ ಬಂದಾಯಿತಲ್ಲ ಎಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಮತ್ತೆ ಏಳು ದಿನ, ಉಳಿದೆರಡು ನಾಲ್ಕು ವಾರ ಮುಂದುವರಿಯಲೇಬೇಕು. ಕೊನೆಯ ದಿನ ಕಚ್ಚಿದ ಸೊಳ್ಳೆಯಿಂದ ಬಂದ ರೋಗಾಣು ಆಗಿನ್ನೂ ಮೈಯೊಳಗೆ ಇರಬಹುದು.

ಸೊಳ್ಳೆಯ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ರಾತ್ರಿ ಪರದೆ ಕಟ್ಟಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮಲೇರಿಯಾ ಹರಡುವ ಅನಾಫಿಲಿಸ್ ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ, ನಿಜ. ಡೆಂಗಿ ತರುವ ಈಡಿಸ್ ಹಗಲು ಸೊಳ್ಳೆ. ಸೂರ್ಯ ಹುಟ್ಟಿದ ಮೇಲಿನ ಹೊತ್ತಿನಲ್ಲೂ ಮುಳುಗುವ ಮುಂಚೆಯೂ ಅದರ ಕಾಟ ಜಾಸ್ತಿ. ಅಂದರೆ ಹೋಟೆಲಿನ ತೋಟದಲ್ಲಿ ತಿಂಡಿ ತಿನ್ನುವ ಹೊತ್ತು, ಮಕ್ಕಳು ಈಜುಕೊಳದ ಬಳಿ ಆಡುವ ಹೊತ್ತು. ಹಗಲು ನಿದ್ದೆ ಮಾಡುವ ಕೂಸಿನ ತಳ್ಳುಗಾಡಿಗೂ ಪರದೆ ಬೇಕು.

ಮೈಗೆ ಹಚ್ಚುವ ಸೊಳ್ಳೆ ನಿವಾರಕದಲ್ಲಿ ಡೀಟ್ ಎಂಬ ರಾಸಾಯನಿಕ ಶೇ 20ರಿಂದ 30 ಇದ್ದರೆ ನಾಲ್ಕೈದು ಗಂಟೆ ರಕ್ಷಣೆ ಸಿಗುತ್ತದೆ. ಶೇ 50ಕ್ಕಿಂತ ಹೆಚ್ಚಿದ್ದರೆ ವಿಶೇಷ ಲಾಭವಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ ಡೀಟ್ ಬೇಡ, ಮೂರು ವರ್ಷದೊಳಗಿನವರಿಗೆ ನಿಂಬೆ-ನೀಲಗಿರಿ ಎಣ್ಣೆ ಬೇಡ. ದೊಡ್ಡವರು ತಮ್ಮ ಅಂಗೈಗೆ ಹಾಕಿಕೊಂಡು ಮಗುವಿಗೆ ಸವರಬೇಕು. ಮಗುವಿನ ಕೈಗಳಿಗೆ ಮಾತ್ರ ಸವರಬಾರದು, ಏಕೆಂದರೆ ಅದು ನೇರ ಬಾಯಿಗೆ, ಕಣ್ಣಿಗೆ ಹೋಗುತ್ತದೆ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ನಿವಾರಕ. ಎರಡೂ ಬೆರೆತ ಬಾಟಲಿ ಅನುಕೂಲ ಎನಿಸಿದರೂ ಕೊಳ್ಳಬೇಡಿ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು, ಡೀಟನ್ನು ಅಷ್ಟು ಸಲ ಹಚ್ಚಬಾರದು.

ಬಿಸಿಲಿನ ಲೆಕ್ಕ ಹಾಕುವವರು ಕಡಿಮೆ. ದೊಡ್ಡವರೊಬ್ಬರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಸನ್‌ಸ್ಕ್ರೀನ್ ಬೇಕು, ಐದಾರು ವರ್ಷದ ಮಗುವಿಗೆ ಅದರ ಅರ್ಧ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದರೆ 100 ಮಿ.ಲೀ. ಬಾಟಲಿ ಒಂದೇ ಸಲಕ್ಕೆ ಬಹುತೇಕ ಖಾಲಿ. ಒಂದೇ ಬಾಟಲಿಯಲ್ಲಿ ವಾರ ಕಳೆದವರು ಅದನ್ನು ತೆಳುವಾಗಿ ಸವರಿಕೊಂಡಿದ್ದಾರೆ ಎಂದೇ ಅರ್ಥ, ಆಗ ಬಾಟಲಿಯ ಮೇಲೆ ರಕ್ಷಣೆಯ ಮಟ್ಟವೆಂದು ಬರೆದ ಎಸ್‌ಪಿಎಫ್ 50 ಎಂಬುದು ಬರೀ ಅಂಕಿ. ಅದಕ್ಕೇ ಮಕ್ಕಳಿಗೆ ತುಂಬುತೋಳಿನ ಈಜುಡುಗೆ, ಕತ್ತು ಮುಚ್ಚುವ ಟೋಪಿ ಹೆಚ್ಚು ಭರವಸೆಯದು. ಆರು ತಿಂಗಳೊಳಗಿನ ಕೂಸಿಗೆ ನೆರಳೇ ರಕ್ಷಣೆ. ನೆರಳು ನಮಗಿಂತ ಗಿಡ್ಡವಾಗಿದ್ದಾಗ ಬಿಸಿಲು ತೀಕ್ಷ್ಣ ಎಂದು ಹೇಳಿಕೊಟ್ಟರೆ ಮಕ್ಕಳು ತಾವೇ ನೋಡಿಕೊಳ್ಳುತ್ತಾರೆ. ತೆಳು ಮೋಡವಿದ್ದರೂ ನೇರಳಾತೀತ ಕಿರಣದ ಹೆಚ್ಚಿನ ಪಾಲು ಕೆಳಗಿಳಿಯುತ್ತದೆ.

ಇನ್ನು ಭೇದಿ. ಇಲ್ಲಿ ನನ್ನ ಕಾಳಜಿ ಓಆರ್‌ಎಸ್ ಪೊಟ್ಟಣದ ಬಗ್ಗೆ, ಏಕೆಂದರೆ ಜೀವ ಉಳಿಸುವ ಈ ಪುಡಿಯನ್ನು ತಪ್ಪಾಗಿ ಕಲಸುವವರು ತುಂಬ. ಕೆಲವು ಪೊಟ್ಟಣ ಒಂದು ಲೀಟರ್ ನೀರಿಗೆ, ಕೆಲವು 200 ಮಿ.ಲೀ.ಗೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಅಪಾಯ. ಅರ್ಧ ಪುಡಿ ಈಗ, ಅರ್ಧ ಆಮೇಲೆ ಎನ್ನುವುದೂ ತಪ್ಪು. ಸಕ್ಕರೆ, ಉಪ್ಪುಗಳು ಪುಡಿಯಲ್ಲಿ ಒಂದೇ ಸಮ ಬೆರೆತಿರುತ್ತವೆಂದು ಹೇಳಲಾಗದು. ಅಳತೆಗುರುತಿರುವ ಬಾಟಲಿ ಒಯ್ಯಿರಿ, ಕುದಿಸಿ ಆರಿಸಿದ ನೀರು ಬಳಸಿ, 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರುಮಾಡಿ. ಹಣ್ಣಿನ ರಸ, ತಂಪು ಪಾನೀಯ ಓಆರ್‌ಎಸ್‌ಗೆ ಬದಲಿಯಲ್ಲ. ಅದರಲ್ಲಿನ ಅತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತದೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ ಆಸ್ಪತ್ರೆಗೆ ಹೊರಡಿ.

ಸಮುದ್ರದ ಬಗ್ಗೆ ಒಂದೇ ಮಾತು ಹೇಳಬೇಕೆಂದರೆ ಇದು: ಅಲೆ ಒಡೆಯದ, ಶಾಂತವಾಗಿ ಕಾಣುವ ಜಾಗಕ್ಕೆ ಮಕ್ಕಳನ್ನು ಇಳಿಸಬೇಡಿ. ಎರಡೂ ಪಕ್ಕ ಬಿಳಿನೊರೆ ಏಳುತ್ತಿದ್ದು ನಡುವೆ ಮಾತ್ರ ನೀರು ಕಪ್ಪಾಗಿ, ಸಮತಟ್ಟಾಗಿ ಕಂಡರೆ ಅದು ಸೆಳೆತದ ದಾರಿಯಾಗಿರಬಹುದು. ದಡಕ್ಕೆ ಬಂದ ನೀರೆಲ್ಲ ಅಲ್ಲಿಂದಲೇ ವಾಪಸಾಗುತ್ತಿರುತ್ತದೆ. ಮಕ್ಕಳಿಗೆ ಸುರಕ್ಷಿತ ಎಂದು ತಂದೆತಾಯಿ ಆರಿಸುವುದು ಅದನ್ನೇ. ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಿದರೆ ದಣಿದು ಮುಳುಗುತ್ತಾರೆ. ತೇಲುತ್ತ, ಕೈ ಎತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತ ದಾಟಿದ ಮೇಲೆ ತೀರಕ್ಕೆ ತಿರುಗಬೇಕು. ಮಗುವನ್ನು ಉಳಿಸಲು ಬರಿಗೈಲಿ ಧುಮುಕಿದ ದೊಡ್ಡವರೂ ಪ್ರಾಣ ಕಳೆದುಕೊಳ್ಳುತ್ತಾರೆ, ತೇಲುವ ವಸ್ತು ಏನಾದರೂ ಕೈಯಲ್ಲಿರಲಿ. ಜೀವರಕ್ಷಕರಿರುವ ತೀರದಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಿ. ಗಾಳಿ ತುಂಬಿದ ಆಟಿಕೆಗಳು ಕೊಳಕ್ಕಿರಲಿ, ಕಡಲಿಗೆ ಬೇಡ. ದಡದಿಂದ ಬೀಸುವ ಗಾಳಿ ಅವನ್ನು ಮಗುವಿನ ಸಮೇತ ಒಯ್ಯುತ್ತದೆ. ಪೆಟ್ಟಿಗೆ ಲೋಳೆಮೀನು (ಬಾಕ್ಸ್ ಜೆಲ್ಲಿಫಿಶ್) ಇರುವ ಉತ್ತರ ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾದ ತೀರಗಳಲ್ಲಿ ವಿನೆಗರ್ ಜತೆಗಿರಲಿ. ಕಚ್ಚಿದ ಜಾಗಕ್ಕೆ ಕನಿಷ್ಠ 30 ಸೆಕೆಂಡ್ ಸುರಿಯಬೇಕು. ಸಿಹಿನೀರಿನಿಂದ ತೊಳೆದರೆ, ಉಜ್ಜಿದರೆ ಸಿಡಿಯದೆ ಉಳಿದ ವಿಷಕೋಶಗಳೂ ಸಿಡಿಯುತ್ತವೆ.

ತಿಂಗಳ ಆಯ್ಕೆ ಬೆಲೆ ನೋಡಿ ಆಗಬಾರದು. ಕೆರಿಬಿಯನ್‌ನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ, ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ವಿಮೆಯಲ್ಲಿ ವೈದ್ಯಕೀಯ ಸ್ಥಳಾಂತರದ ವೆಚ್ಚ ಸೇರಿದೆಯೇ ನೋಡಿ, ಅಜ್ಜನ ಸಕ್ಕರೆ ಕಾಯಿಲೆ ಮುಚ್ಚಿಟ್ಟರೆ ಪರಿಹಾರ ಸಿಗಲಿಕ್ಕಿಲ್ಲ. ಪರವಾನಗಿಯಿಲ್ಲದೆ ಬಾಡಿಗೆ ಸ್ಕೂಟರ್ ಓಡಿಸಿ ಬಿದ್ದವರದ್ದೂ ಅದೇ ಕತೆ.

ಔಷಧದ ಚೀಲದಲ್ಲಿ ಮಗುವಿಗೆ ರೂಢಿಯಿರುವ ಪ್ಯಾರಸಿಟಮಾಲ್ ಸಿರಪ್ಪನ್ನೇ ಇಟ್ಟುಕೊಳ್ಳಿ. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹೊರದೇಶದಲ್ಲಿ ಕೊಂಡು ಹಳೆಯ ಚಮಚದ ಲೆಕ್ಕದಲ್ಲೇ ಕುಡಿಸಿದರೆ ಪ್ರಮಾಣ ದುಪ್ಪಟ್ಟಾಗಬಹುದು. ಡೆಂಗಿಯ ಶಂಕೆಯಿದ್ದಾಗ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಡೆಂಗಿಯಲ್ಲಿ ಜ್ವರ ಇಳಿಯುವಾಗ ಮತ್ತು ಆಮೇಲಿನ ಒಂದೆರಡು ದಿನವೇ ಹೆಚ್ಚು ಎಚ್ಚರ ಬೇಕು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕಾಯಬಾರದು.

ಪ್ರವಾಸದ ಪುಟದಲ್ಲಿ ಹೋಟೆಲಿನ ವಿವರದ ಪಕ್ಕದಲ್ಲೇ ಆ ದೇಶಕ್ಕೆ ಬೇಕಾದ ಲಸಿಕೆ, ಅದಕ್ಕಿರುವ ವಯಸ್ಸಿನ ಮಿತಿ, ಚಂಡಮಾರುತದ ತಿಂಗಳು, ತೀರದಲ್ಲಿ ಜೀವರಕ್ಷಕರಿದ್ದಾರೆಯೇ ಎಂಬುದನ್ನು ಪ್ರಕಟಿಸಿ. ಮಲೇರಿಯಾ ಇರುವ ದೇಶವಾದರೆ ಇನ್ನೊಂದು ಸಾಲು ಸೇರಲಿ: ವಾಪಸಾದ ಮೇಲೆ ಒಂದು ವರ್ಷದೊಳಗೆ, ಮುಖ್ಯವಾಗಿ ಮೊದಲ ಮೂರು ತಿಂಗಳಲ್ಲಿ, ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವು ಎಂದು ವೈದ್ಯರಿಗೆ ತಾವಾಗಿಯೇ ಹೇಳಿ ಅಂದೇ ಮಲೇರಿಯಾ ರಕ್ತಪರೀಕ್ಷೆ ಮಾಡಿಸಬೇಕು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ 12ರಿಂದ 24 ಗಂಟೆಗಳ ಅಂತರದಲ್ಲಿ ಇನ್ನೆರಡು ಬಾರಿ ಮಾಡಿಸಬೇಕು.

ಇಂತಿ,
ಪತ್ರಿಕೆಯ ಓದುಗ