ಕಟ್ಟಡ ಎಂದರೆ ಯಾವ ಕಟ್ಟಡ?

ಮಾನ್ಯ ಸಂಪಾದಕರೇ,

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಮನೆ ವಿಜಯನಗರದಲ್ಲಿ, ಎರಡನೆಯ ಮಹಡಿ. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಛತ್ರದ ಹಿತ್ತಲು ಕಾಣುತ್ತದೆ. ಪಾತ್ರೆ ತೊಳೆಯುವ ಕಟ್ಟೆ, ಎಂಜಲೆಲೆ ತುಂಬಿದ ಡ್ರಮ್ಮು, ಅದರಾಚೆ ತಗಡಿನ ಶೆಡ್ಡಿನ ಕೆಳಗೆ ಒಂದು ಡೀಸೆಲ್ ಜನರೇಟರ್. ಅದರ ಹೊಗೆ ಕೊಳವೆ ತಗಡನ್ನು ಕೊರೆದುಕೊಂಡು ಮೇಲೆ ಬಂದು, ತುದಿಯಲ್ಲಿ ಮೊಣಕೈಯಂತೆ ಬಾಗಿದೆ. ಬಾಗಿರುವುದು ನಮ್ಮ ಕಡೆಗೆ. ಅವರ ಕಡೆಗೆ ಬಾಗಿಸಿದ್ದರೆ ಊಟದ ಹಾಲಿಗೆ ಹೊಗೆ ನುಗ್ಗುತ್ತಿತ್ತು. ಅಷ್ಟು ವಿವೇಕ ಛತ್ರದವರಿಗೆ ಇದೆ.

ಕಳೆದ ಬೇಸಿಗೆಯಲ್ಲಿ ತಾರಸಿಯ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದೆ. ಮೂರು ದಿನ ಒಣಗಬೇಕು. ಆ ಮೂರು ದಿನವೂ ಛತ್ರದಲ್ಲಿ ಮದುವೆ, ಮೂರು ದಿನವೂ ಜನರೇಟರಿಗೆ ಕೆಲಸ. ಕರೆಂಟು ಹೋದಾಗ ಮಾತ್ರ ಅದು ಓಡುತ್ತದೆ ಎಂದುಕೊಳ್ಳಬೇಡಿ. ದೀಪಾಲಂಕಾರ, ಏಸಿ, ವಾದ್ಯಗೋಷ್ಠಿ ಎಲ್ಲವೂ ಒಟ್ಟಿಗೆ ಶುರುವಾದರೆ ಕರೆಂಟು ಇದ್ದರೂ ಅದನ್ನು ಎಬ್ಬಿಸುತ್ತಾರೆ. ನಾಲ್ಕನೆಯ ದಿನ ಬೆಳಿಗ್ಗೆ ಸಂಡಿಗೆ ಎತ್ತಿದೆ. ಒಂದೊಂದು ಸಂಡಿಗೆಯ ಕೆಳಗೂ ಪಂಚೆ ದುಂಡಗೆ, ಬೆಳ್ಳಗೆ ಉಳಿದಿತ್ತು. ಸುತ್ತಲೆಲ್ಲ ಬೂದು ಬಣ್ಣ. ಬೆರಳಿನಿಂದ ಒರೆಸಿದರೆ ಮಣ್ಣಿನ ಧೂಳಿನ ಹಾಗೆ ಉದುರಲಿಲ್ಲ, ಕಾಡಿಗೆಯ ಹಾಗೆ ಜಿಡ್ಡಾಗಿ ಮೆತ್ತಿಕೊಂಡಿತು. ಎರಡು ಸೇರು ಅರಳಿನ ಸಂಡಿಗೆ ಕಸಕ್ಕೆ ಹೋಯಿತು. ಪಂಚೆಯನ್ನು ಮಡಿಸಿ ಇಟ್ಟುಕೊಂಡಿದ್ದೇನೆ.

ಅದನ್ನು ಹಿಡಿದುಕೊಂಡೇ ಛತ್ರದ ಮ್ಯಾನೇಜರರ ಬಳಿ ಹೋದೆ. ಕೂರಿಸಿದರು, ಕಾಫಿ ಕೊಟ್ಟರು, ಜನರೇಟರಿನ ಬಳಿಗೂ ಕರೆದುಕೊಂಡು ಹೋದರು. ಅದರ ಫಲಕದ ಮೇಲೆ 100 ಕೆವಿಎ ಎಂದಿತ್ತು (ಕೆವಿಎ ಎಂದರೆ ಜನರೇಟರಿನ ಸಾಮರ್ಥ್ಯದ ಅಳತೆ), ಇಸವಿ 2011. ಅವರಿಗೆ ನಿಯಮ ಗೊತ್ತಿತ್ತು, ಅದೂ ಬಾಯಿಪಾಠ. ಅದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ. ಹೊಗೆ ಕೊಳವೆಯ ಎತ್ತರ ಎಂದರೆ, ಜನರೇಟರ್ ಇರಿಸಿದ ಕಟ್ಟಡದ ಎತ್ತರಕ್ಕೆ, ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿ ಬಂದಷ್ಟು ಮೀಟರನ್ನು ಕೂಡಿಸಬೇಕು. ನೂರರ ವರ್ಗಮೂಲ ಹತ್ತು. ಹತ್ತನ್ನು 0.2ರಿಂದ ಗುಣಿಸಿದರೆ ಎರಡು. ಅಂದರೆ ಕಟ್ಟಡದ ನೆತ್ತಿಯಿಂದ ಮೇಲೆ ಎರಡು ಮೀಟರ್. ಎಂಟನೆಯ ತರಗತಿಯ ಮಗು ಬಾಯಲ್ಲೇ ಹೇಳುವ ಲೆಕ್ಕ.

‘ನೋಡಿ ಮೇಡಂ, ಶೆಡ್ಡು ಎಂಟು ಅಡಿ. ಎರಡು ಮೀಟರ್ ಎಂದರೆ ಆರೂವರೆ ಅಡಿ. ಕೊಳವೆ ಹದಿನಾಲ್ಕೂವರೆ ಅಡಿಗೆ ಇದೆ. ಒಂದು ಅಂಗುಲ ಕಡಿಮೆ ಇಲ್ಲ’ ಎಂದರು.

ಕೂಡುವುದು, ಗುಣಿಸುವುದು ಎಲ್ಲ ಸರಿಯಾಗಿತ್ತು. ತಪ್ಪಿದ್ದು ‘ಕಟ್ಟಡ’ ಎಂಬ ಪದದಲ್ಲಿ. ಅವರ ಪಾಲಿಗೆ ಕಟ್ಟಡ ಎಂದರೆ ಆ ತಗಡಿನ ಶೆಡ್ಡು. ಅದೇ ನಿವೇಶನದಲ್ಲಿ, ಅದಕ್ಕೆ ಅಂಟಿಕೊಂಡೇ ನಿಂತಿರುವ ಮೂವತ್ತಾರು ಅಡಿಯ ಛತ್ರ ಕಟ್ಟಡವಲ್ಲ. ಛತ್ರವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಕೊಳವೆ ನಲವತ್ತೆರಡೂವರೆ ಅಡಿಗೆ ಏರಿ, ಹೊಗೆ ನಮ್ಮ ತಾರಸಿಯನ್ನೂ ದಾಟಿ ಹೋಗುತ್ತಿತ್ತು. ಈಗ ಅದು ಹದಿನಾಲ್ಕೂವರೆ ಅಡಿಯಲ್ಲಿ ಹೊರಬಂದು, ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಸಿಕ್ಕಿಕೊಂಡು, ಇಪ್ಪತ್ತನಾಲ್ಕು ಅಡಿಯ ಮೇಲಿರುವ ನನ್ನ ಕಿಟಕಿಗೆ ನೇರ ಬರುತ್ತದೆ. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ ಎಂಬುದು ವಿಜ್ಞಾನದ ಮೇಷ್ಟರ ಪಾಠ, ನನ್ನದಲ್ಲ. ಆದರೂ ಅನುಭವದಿಂದ ಕಲಿತಿದ್ದೇನೆ.

ಸಂಬಂಧಪಟ್ಟ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಎರಡು ಸಲ ಹೋಗಿಬಂದ ಮೇಲೆ ಒಬ್ಬ ಅಧಿಕಾರಿ ಸಿಕ್ಕರು, ಸೌಮ್ಯವಾಗಿಯೇ ಮಾತಾಡಿದರು. ‘ಅಮ್ಮಾ, ಒಂದು ಎಂವಿಎ ಒಳಗಿನ ಜನರೇಟರಿಗೆ ನಮ್ಮ ಅನುಮತಿಯೇ ಬೇಕಿಲ್ಲ. ಅನುಮತಿ ಇಲ್ಲದ ಮೇಲೆ ಫೈಲು ಇಲ್ಲ. ಫೈಲು ಇಲ್ಲದ ಮೇಲೆ ಪರಿಶೀಲನೆ ಎಲ್ಲಿಂದ ಬರಬೇಕು?’ ಅವರು ಹೇಳಿದ್ದನ್ನು ಮೊಮ್ಮಗಳ ಕಂಪ್ಯೂಟರಿನಲ್ಲಿ ಹುಡುಕಿಸಿ ನೋಡಿದೆ. 2016ರಲ್ಲಿ ಕೇಂದ್ರ ಮಂಡಳಿ ಉದ್ಯಮಗಳನ್ನು ಮಾಲಿನ್ಯ ಹೆಚ್ಚಿನದರಿಂದ ಕಡಿಮೆಯದರವರೆಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ 5 ಎಂವಿಎ ಮೀರಿದ ಜನರೇಟರ್ ಕಿತ್ತಳೆಯಲ್ಲಿ ಸೇರಿತು, 1ರಿಂದ 5ರವರೆಗಿನದು ಹಸಿರಿನಲ್ಲಿ. ಒಂದು ಎಂವಿಎ ಎಂದರೆ ಸಾವಿರ ಕೆವಿಎ. ನಮ್ಮ ಛತ್ರದ್ದು ಅದರ ಹತ್ತನೆಯ ಒಂದು ಪಾಲು. ಅದಕ್ಕೆ ಯಾವ ಬಣ್ಣವೂ ಇಲ್ಲ. ಹೊಗೆಗೆ ಮಾತ್ರ ಬಣ್ಣ ಇದೆ.

ಎಂಜಿನ್ನಿನ ನಿಯಮಗಳೂ ಇದೇ ಜಾಡಿನವು. 800 ಕಿಲೋವಾಟ್ ಒಳಗಿನ ಜನರೇಟರಿನ ಹೊಗೆಯನ್ನು ಪರೀಕ್ಷಿಸುವುದು ಕಾರ್ಖಾನೆಯ ಮಟ್ಟದಲ್ಲಿ; ತಯಾರಕ ಪ್ರಮಾಣಪತ್ರ ಪಡೆದರೆ ಆಯಿತು. ಕೊಂಡವನ ಹಿತ್ತಲಿಗೆ ಬಂದ ಮೇಲೆ ಅದು ಹದಿನಾಲ್ಕು ವರ್ಷ ಓಡಲಿ, ಫಿಲ್ಟರ್ ಕಂಡೇ ಇಲ್ಲದಿರಲಿ, ಮೊದಲ ದಿನದ ಪ್ರಮಾಣಪತ್ರವೇ ಅದನ್ನು ಕಾಯುತ್ತದೆ. ಹೊಸ ಎಂಜಿನ್ನುಗಳಿಗೆ 2014ರಲ್ಲಿ ಒಮ್ಮೆ, 2023ರ ಜುಲೈಯಿಂದ ಇನ್ನೊಮ್ಮೆ ಮಿತಿ ಬಿಗಿಯಾಯಿತು, ನಿಜ. ಆದರೆ ಅದು ಹೊಸದಾಗಿ ಮಾರುವ ಎಂಜಿನ್ನಿಗೆ. 2011ರ ಫಲಕ ಹೊತ್ತದ್ದಕ್ಕೆ ಮಾಫಿ. ಇನ್ನು 800 ಕಿಲೋವಾಟ್ ಮೀರಿದ ಎಂಜಿನ್ನಿಗೆ, 2003ರ ಜುಲೈ ನಂತರ ಚಾಲನೆಗೆ ಬಂದದ್ದಾದರೆ, ಚಿಮಣಿ ಕನಿಷ್ಠ 30 ಮೀಟರ್ ಇರಬೇಕು, ಹೊಗೆಯಲ್ಲಿ ಏನು ಎಷ್ಟಿರಬಹುದು ಎಂಬುದಕ್ಕೂ ಮಿತಿ ಇದೆ. ಸರಿಯಾಗಿ 800ಕ್ಕೆ ನಿಂತರೆ? ಅದು ಸುಮಾರು ಸಾವಿರ ಕೆವಿಎ, ವರ್ಗಮೂಲ 31.62, ಮಾಡಿನಿಂದ ಮೇಲೆ ಆರೂಕಾಲು ಮೀಟರ್ ಚಿಲ್ಲರೆ ಸಾಕು. ಆ ಮಾಡು ತಗಡಿನದ್ದಾದರೆ ಕೊಳವೆ ಒಂಬತ್ತು ಮೀಟರಿಗೆ ಮುಗಿಯುತ್ತದೆ. ಒಂದು ಕಿಲೋವಾಟಿನ ಅಂತರದಲ್ಲಿ ಒಂಬತ್ತು ಮೀಟರ್ ಮೂವತ್ತಕ್ಕೆ ಜಿಗಿಯುತ್ತದೆ. ಇಂಥ ರೇಖಾಚಿತ್ರವನ್ನು ವಿದ್ಯಾರ್ಥಿ ಬರೆದು ತಂದಿದ್ದರೆ ‘ಎಲ್ಲೋ ತಪ್ಪಿದ್ದೀಯ, ಮತ್ತೆ ನೋಡು’ ಎಂದು ವಾಪಸು ಕಳಿಸುತ್ತಿದ್ದೆ.

ಜನರೇಟರ್ ನಡೆಸುವ ಹುಡುಗ ರಾಯಚೂರು ಕಡೆಯವನು. ಇಪ್ಪತ್ತೆರಡು ದಾಟಿರಲಾರದು. ಶೆಡ್ಡಿನ ಪಕ್ಕದಲ್ಲೇ ಮಲಗುತ್ತಾನೆ. ಅವನ ದಿಂಬಿನ ಮೇಲೂ ನನ್ನ ಪಂಚೆಯ ಬಣ್ಣವೇ ಇದೆ. ಒಂದು ದಿನ ಮಜ್ಜಿಗೆ ಕೊಟ್ಟಾಗ ನಗುತ್ತಾ ಹೇಳಿದ: ‘ಬೆಂಗಳೂರಿಗೆ ಕರೆಂಟು ನಮ್ಮೂರಿನಿಂದ ಬರುತ್ತದೆ ಟೀಚರಮ್ಮಾ. ಅದು ಸಾಲದೆ ಇಲ್ಲಿಗೆ ನಾನೂ ಬಂದಿದ್ದೇನೆ.’ ಅವನ ಮಾತಿನ ದೆಸೆಯಿಂದ ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಗ್ಗೆಯೂ ಓದಿದೆ. ಅಲ್ಲಿ 210 ಮೆಗಾವಾಟಿನ ಏಳು ಘಟಕಗಳು, 250ರದ್ದು ಒಂದು. ಒಟ್ಟು 1,720 ಮೆಗಾವಾಟ್. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡಿನ ಮಿತಿ ಹಾಕಿತು. ಆ ಹೊತ್ತಿಗೆ ಇದ್ದ ಘಟಕಗಳ ಪೈಕಿ 500 ಮೆಗಾವಾಟ್ ಮತ್ತು ಮೇಲಿನವಕ್ಕೆ ಘನ ಮೀಟರಿಗೆ 200 ಮಿಲಿಗ್ರಾಂ, ಅದಕ್ಕಿಂತ ಸಣ್ಣವಕ್ಕೆ 600. ಸಣ್ಣದ್ದಕ್ಕೆ ಮೂರು ಪಟ್ಟು ಸಲಿಗೆ. ಅಳತೆ ಇಡೀ ಸ್ಥಾವರಕ್ಕಲ್ಲ, ಒಂದೊಂದು ಘಟಕಕ್ಕೆ. ಹಾಗಾಗಿ 1,720 ಮೆಗಾವಾಟಿನ ಆ ಸ್ಥಾವರ ನಿಯಮದ ಕಣ್ಣಿಗೆ ಎಂಟು ಸಲ ಸಣ್ಣದು, ಒಮ್ಮೆಯೂ ದೊಡ್ಡದಲ್ಲ.

ಆ ಮಿತಿಯೂ ಹೆಚ್ಚು ದಿನ ಬಾಳಲಿಲ್ಲ. ಗಡುವು 2017 ಎಂದಿದ್ದದ್ದು ಮುಂದೆ ಮುಂದೆ ಹೋಗಿ, 2025ರ ಜುಲೈನಲ್ಲಿ, ಹತ್ತು ಲಕ್ಷ ಜನಸಂಖ್ಯೆಯ ನಗರಗಳಿಂದಲೂ ತೀವ್ರ ಮಲಿನ ಪ್ರದೇಶಗಳಿಂದಲೂ ದೂರ ಇರುವ ಬಹುಪಾಲು ಸ್ಥಾವರಗಳು ಗಂಧಕದ ಮಿತಿಯಿಂದಲೇ ಮುಕ್ತವಾದವು. ಷರತ್ತು ಇಷ್ಟೇ: ಚಿಮಣಿ ನಿಗದಿತ ಎತ್ತರ ಇರಬೇಕು. 210 ಮೆಗಾವಾಟಿನ ಘಟಕಕ್ಕೆ ಆ ಎತ್ತರ 220 ಮೀಟರ್. ಓದುತ್ತಾ ನನಗೆ ನಗು ಬಂತು. ಅಷ್ಟು ದೊಡ್ಡದ್ದಕ್ಕೂ ಕೊನೆಗೆ ಉಳಿದದ್ದು ಕೊಳವೆಯ ಎತ್ತರ, ನಮ್ಮ ಛತ್ರಕ್ಕೂ ಉಳಿದದ್ದು ಅದೇ. ವ್ಯತ್ಯಾಸ ಏನೆಂದರೆ, ಅವರ ಚಿಮಣಿ ಹತ್ತಾರು ಮೈಲಿಗೆ ಕಾಣುತ್ತದೆ, ಇಲ್ಲ ಎಂದು ಸುಳ್ಳು ಹೇಳಲು ಬರುವುದಿಲ್ಲ.

ಬೆಂಗಳೂರಿನಲ್ಲೂ ಡೀಸೆಲ್ಲಿನ ದೊಡ್ಡ ಸ್ಥಾವರ ಒಂದಿತ್ತು. ಯಲಹಂಕದಲ್ಲಿ, 1990ರ ದಶಕದಲ್ಲಿ ಶುರುವಾದದ್ದು, ಆರು ಎಂಜಿನ್ನುಗಳು, ಸುಮಾರು 128 ಮೆಗಾವಾಟ್. ಅದನ್ನು ಮುಚ್ಚಿದರು. ಈಗ ಅಲ್ಲಿ 370 ಮೆಗಾವಾಟಿನ ಅನಿಲ ಸ್ಥಾವರ ಇದೆ. ಸರಿ, ಒಳ್ಳೆಯದೇ. ಆದರೆ 100 ಕೆವಿಎ ಜನರೇಟರ್ ಕೊಡುವುದು 80 ಕಿಲೋವಾಟ್. 128 ಮೆಗಾವಾಟನ್ನು 80 ಕಿಲೋವಾಟಿನಿಂದ ಭಾಗಿಸಿ ನೋಡಿ: 1,600. ಛತ್ರ, ಮಾಲ್, ನರ್ಸಿಂಗ್ ಹೋಮ್, ಅಪಾರ್ಟ್‌ಮೆಂಟ್, ಸಾಫ್ಟ್‌ವೇರ್ ಕಚೇರಿ ಎಲ್ಲ ಸೇರಿ ಈ ಊರಿನಲ್ಲಿ ಇಂಥವು 1,600 ಇಲ್ಲ ಎಂದು ಯಾರಾದರೂ ಎದೆ ತಟ್ಟಿ ಹೇಳಲಿ. ಯಲಹಂಕದ ಸ್ಥಾವರಕ್ಕೆ ಒಂದು ವಿಳಾಸ ಇತ್ತು, ದೂರು ಕೊಡಲು ಒಂದು ಗೇಟು ಇತ್ತು. ಈ ಹಂಚಿಹೋದ ಸ್ಥಾವರಕ್ಕೆ ಯಾವುದೂ ಇಲ್ಲ.

ಮೊದಲಾಗಿದ್ದರೆ ಸದ್ದಿನಿಂದಲಾದರೂ ಸಿಕ್ಕಿಬೀಳುತ್ತಿತ್ತು. 2002ರ ನಿಯಮದ ನಂತರ ಜನರೇಟರನ್ನು ಸದ್ದು ಹೀರುವ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಜನ ಅದನ್ನು ‘ಸೈಲೆಂಟ್ ಜನರೇಟರ್’ ಎಂದು ಕರೆಯುತ್ತಾರೆ. ಸದ್ದು ನಿಂತಿತು, ಅದರೊಂದಿಗೆ ದೂರೂ ನಿಂತಿತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿತು. ಆದರೆ ಹೊಗೆ ಮಾತಾಡುವುದಿಲ್ಲ, ಮದುವೆ ಮನೆಯ ನಾದಸ್ವರದ ಮರೆಯಲ್ಲಿ ಮೆಲ್ಲಗೆ ಬರುತ್ತದೆ.

ನಾನು ಜನರೇಟರನ್ನು ಕಿತ್ತುಹಾಕಿ ಎನ್ನುತ್ತಿಲ್ಲ. ನನ್ನ ಮಗಳ ಧಾರೆಯ ಹೊತ್ತಿಗೂ ಕರೆಂಟು ಹೋಗಿತ್ತು, ಆ ಛತ್ರದ ಜನರೇಟರೇ ನಮ್ಮ ಮಾನ ಉಳಿಸಿತ್ತು. ಆಗ ಅದರ ಹೊಗೆ ಯಾರ ಕಿಟಕಿಗೆ ಹೋಯಿತೆಂದು ನಾನು ವಿಚಾರಿಸಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ದೆಹಲಿಯ ಸುತ್ತಮುತ್ತ 2023ರ ಅಕ್ಟೋಬರಿನಿಂದ ಜನರೇಟರುಗಳಿಗೆ ಗ್ಯಾಸಿನ ಜೋಡಣೆ ಅಥವಾ ಹೊಗೆಯ ಕಣ ಹಿಡಿಯುವ ಸಾಧನ ಹಾಕಿಸಬೇಕೆಂದು ಆದೇಶವಿದೆ. ಅಷ್ಟು ಖರ್ಚನ್ನೂ ನಾನು ಇಂದೇ ಕೇಳುತ್ತಿಲ್ಲ. ನನ್ನ ಕೋರಿಕೆ ಒಂದು ವಾಕ್ಯದ್ದು. ಮಾರ್ಗಸೂಚಿಯಲ್ಲಿ ‘ಜನರೇಟರ್ ಇರಿಸಿದ ಕಟ್ಟಡ’ ಎಂದಿರುವಲ್ಲಿ, ಶೆಡ್ಡು, ತಗಡು, ಪೆಟ್ಟಿಗೆ ಯಾವುದೂ ಕಟ್ಟಡವಲ್ಲ, ಆ ಜನರೇಟರ್ ಯಾವ ಕಟ್ಟಡಕ್ಕೆ ವಿದ್ಯುತ್ ಕೊಡುತ್ತದೋ ಅದೇ ಕಟ್ಟಡ ಎಂದು ಸ್ಪಷ್ಟವಾಗಿ ಬರೆಯಿರಿ. ಛತ್ರದ ಪರವಾನಗಿ ನವೀಕರಿಸುವಾಗ ಬೆಂಕಿ ನಂದಿಸುವ ಸಿಲಿಂಡರನ್ನು ನೋಡುವವರು, ಹಾಗೇ ಹೊರಗೆ ಬಂದು ತಲೆ ಎತ್ತಿ ಈ ಕೊಳವೆಯನ್ನೂ ನೋಡಲಿ. ಅಳೆಯಲು ಪ್ರಯೋಗಾಲಯ ಬೇಡ. ಕೊಳವೆ ಮಾಡಿಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕೆ ಕಣ್ಣು ಸಾಕು. ಇಪ್ಪತ್ತೆಂಟು ಅಡಿ ಹೆಚ್ಚುವರಿ ಕಬ್ಬಿಣದ ಕೊಳವೆಗೆ ಎಷ್ಟಾಗುತ್ತದೆಂದು ಮಾಗಡಿ ರಸ್ತೆಯ ಒಂದು ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕೇಳಿಕೊಂಡು ಬಂದೆ. ಛತ್ರದವರು ಒಂದು ದಿನಕ್ಕೆ ತೆಗೆದುಕೊಳ್ಳುವ ಬಾಡಿಗೆಯ ಕಾಲು ಭಾಗವೂ ಆಗುವುದಿಲ್ಲ.

ಆ ಅಂದಾಜು ಚೀಟಿಯನ್ನು ಮ್ಯಾನೇಜರರಿಗೆ ಕೊಟ್ಟಿದ್ದೇನೆ. ‘ಲಗ್ನದ ಸೀಸನ್ ಮುಗಿಯಲಿ, ನೋಡೋಣ’ ಎಂದಿದ್ದಾರೆ. ಅಷ್ಟರವರೆಗೆ ಸಂಡಿಗೆಯನ್ನು ಮಗಳ ಮನೆಯಲ್ಲಿ ಒಣಗಿಸುತ್ತಿದ್ದೇನೆ. ಅವಳಿರುವುದು ಹೆಬ್ಬಾಳದ ಅಪಾರ್ಟ್‌ಮೆಂಟಿನ ಒಂಬತ್ತನೆಯ ಮಹಡಿಯಲ್ಲಿ. ಮೊನ್ನೆ ಹೋದಾಗ ಬಾಲ್ಕನಿಯಿಂದ ಬಗ್ಗಿ ನೋಡಿದೆ. ಅವರ ಜನರೇಟರಿನ ಕೊಳವೆ ಕೆಳಗೆ, ಕಾರು ನಿಲ್ಲಿಸುವ ಜಾಗದ ಪಕ್ಕ, ಮೊದಲ ಮಹಡಿಯವರ ಬಾಲ್ಕನಿಯ ಮಟ್ಟದಲ್ಲಿ ಮುಗಿದಿತ್ತು. ಆ ಬಾಲ್ಕನಿಯಲ್ಲಿ ಒಂದು ಮಗುವಿನ ಬಟ್ಟೆಗಳು ಒಣಗುತ್ತಿದ್ದವು.

ಇತಿ,
ನಿವೃತ್ತ ಗಣಿತ ಶಿಕ್ಷಕಿ
ವಿಜಯನಗರ, ಬೆಂಗಳೂರು