ನಿನ್ನ ಎದೆಯಲ್ಲಿ ಇದ್ದದ್ದು ತೂತಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಹೋದ ಭಾನುವಾರ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ತಲೆಯಿಂದ ಹೋಗಲೇ ಇಲ್ಲ. ಹಾಸ್ಟೆಲ್ಲಿನ ಗೆಳತಿ ನಿನ್ನ ಎದೆಯ ಮೇಲಿನ ಗೆರೆ ನೋಡಿ ಏನಿದು ಅಂತ ಕೇಳಿದಳಂತೆ. ನೀನು, "ಚಿಕ್ಕವಳಿದ್ದಾಗ ಹಾರ್ಟಲ್ಲಿ ತೂತಿತ್ತು, ಮುಚ್ಚಿದ್ದಾರೆ" ಅಂದೆಯಂತೆ.

ತಪ್ಪು ನಿನ್ನದಲ್ಲ. ಊರಿನವರು ಕೇಳಿದಾಗಲೆಲ್ಲ ನಾನೂ ನಿನ್ನ ಅಮ್ಮನೂ ಹಾಗೇ ಹೇಳಿದ್ದು. ತೂತು ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ, ಮುಂದಿನ ಪ್ರಶ್ನೆ ಬರುವುದಿಲ್ಲ. ಆದರೆ ನಿನಗೀಗ ಹದಿನೆಂಟು. ಮಕ್ಕಳ ಹೃದಯದ ಡಾಕ್ಟರು, "ಇನ್ನು ದೊಡ್ಡವರ ವಿಭಾಗಕ್ಕೆ ಹೋಗಲಿ" ಅಂದಿದ್ದಾರೆ. ಮುಂದಿನ ತಿಂಗಳು ಮೈಸೂರಿನಲ್ಲಿ ಹೊಸ ಡಾಕ್ಟರ ಎದುರು ನೀನೊಬ್ಬಳೇ ಕೂರುತ್ತೀಯ. ತೂತಿತ್ತು ಅಂತ ಹೇಳಿದರೆ ಅವರು ತೂತು ಹುಡುಕುತ್ತಾರೆ. ಸಿಗುವುದಿಲ್ಲ. ಚೆನ್ನಾಗಿದ್ದೀಯ ಅಂತ ಕಳಿಸಿಬಿಡಬಹುದು. ತೂತಿಲ್ಲ ಅಂತ ಹೇಳಿ ನಿಜವಾದ ಕಾರಣ ಬಿಟ್ಟುಹೋದದ್ದು ಒಮ್ಮೆ ಆಗಿತ್ತು, ನೀನು ಮೂರು ತಿಂಗಳ ಕೂಸಾಗಿದ್ದಾಗ.

ನಿನಗೆ ಇದ್ದದ್ದರ ಹೆಸರು ಅಲ್ಕಾಪಾ. ಹೃದಯಕ್ಕೇ ರಕ್ತ ಕೊಡುವ ಎಡಗಡೆಯ ನಾಳ ಹುಟ್ಟಬೇಕಾದ ಜಾಗದಲ್ಲಿ ಹುಟ್ಟಿರಲಿಲ್ಲ. ಮೂರು ಲಕ್ಷ ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ ಅಂತ ಲೆಕ್ಕ ಹೇಳುತ್ತಾರೆ.

ಹೃದಯ ಊರಿಗೆಲ್ಲ ರಕ್ತ ಹಂಚಿದರೂ ತನ್ನೊಳಗೆ ತುಂಬಿಕೊಂಡ ರಕ್ತದಿಂದ ಅದರ ಹೊಟ್ಟೆ ತುಂಬುವುದಿಲ್ಲ. ಅದರ ಗೋಡೆಗೆ ಬೇರೆಯೇ ನಾಳಗಳು ಬೇಕು. ಅವೇ ಕೊರೊನರಿಗಳು. ಹೃದಯದಿಂದ ಹೊರಡುವ ದೊಡ್ಡ ನಾಳ ಅಯೋರ್ಟಾ. ಅದರ ಬುಡದಲ್ಲಿ, ಅಲ್ಲಿರುವ ವಾಲ್ವಿನ ಸ್ವಲ್ಪ ಮೇಲೆ, ಬಲಕ್ಕೊಂದು ಎಡಕ್ಕೊಂದು ಕೊರೊನರಿ ಹುಟ್ಟುತ್ತೆ. ಎಡಗಡೆಯದು ಸ್ವಲ್ಪ ದೂರ ಹೋಗಿ ಎರಡಾಗಿ ಒಡೆಯುತ್ತೆ. ಜಾಸ್ತಿ ಕೆಲಸ ಮಾಡುವ ಎಡ ಕೋಣೆಯ ಬಹುಪಾಲು ಅದನ್ನೇ ನಂಬಿಕೊಂಡಿರುತ್ತೆ. ನಿನ್ನ ಬಲ ಕೊರೊನರಿ ಸರಿಯಾಗಿಯೇ ಇತ್ತು. ಎಡದ್ದು ಮಾತ್ರ ಅಯೋರ್ಟಾ ಬಿಟ್ಟು ಪಕ್ಕದ ಪಲ್ಮನರಿ ಆರ್ಟರಿಯಿಂದ ಹುಟ್ಟಿತ್ತು. ಅದು ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುವ ನಾಳ. ಹುಟ್ಟಿದ ಮೇಲೆ ಅದರಲ್ಲಿ ಒತ್ತಡವೂ ಕಡಿಮೆ.

ಹಾಗಾದರೆ ಹುಟ್ಟಿದ ದಿನವೇ ಯಾಕೆ ಗೊತ್ತಾಗಲಿಲ್ಲ ಅಂತ ನಿನ್ನಮ್ಮ ಎಷ್ಟೋ ಸಲ ಕೇಳಿದ್ದಾಳೆ. ನಮ್ಮ ತೋಟವನ್ನೇ ನೆನಪು ಮಾಡಿಕೋ. ಎರಡು ತುಂಡು ತೋಟ, ಎರಡಕ್ಕೂ ಒಂದೊಂದು ಪೈಪು ಅಂತ ಇಟ್ಟುಕೋ. ಒಂದು ಪೈಪು ಮೇಲಿನ ಟ್ಯಾಂಕಿಗೆ ಸೇರಿದೆ. ಇನ್ನೊಂದನ್ನು ಯಾರೋ ತಪ್ಪಿ ಕೆಳಗಿನ ಬಸಿಗಾಲುವೆಗೆ ಸೇರಿಸಿದ್ದಾರೆ. ಆಷಾಢದ ಮಳೆಯಲ್ಲಿ ಬಸಿಗಾಲುವೆ ದಂಡೆಯವರೆಗೆ ತುಂಬಿರುತ್ತೆ. ಆಗ ಎರಡೂ ತುಂಡಿಗೆ ನೀರು ನಿಲ್ಲುತ್ತೆ, ಏನೂ ಗೊತ್ತಾಗುವುದಿಲ್ಲ. ಅಮ್ಮನ ಹೊಟ್ಟೆಯಲ್ಲಿದ್ದಾಗ ನಿನ್ನದು ಆ ಮಳೆಗಾಲ. ಕೂಸು ಇನ್ನೂ ಉಸಿರಾಡುವುದಿಲ್ಲ, ಎರಡು ನಾಳದಲ್ಲೂ ಒತ್ತಡ ಹೆಚ್ಚು ಕಡಿಮೆ ಒಂದೇ. ಹುಟ್ಟಿ ಉಸಿರಾಟ ಶುರುವಾದ ಮೇಲೆ ವಾರ ವಾರಕ್ಕೂ ಪಲ್ಮನರಿ ಆರ್ಟರಿಯ ಒತ್ತಡ ಇಳಿಯುತ್ತೆ. ಮಳೆ ನಿಂತು ಬಸಿಗಾಲುವೆ ತಳ ಕಂಡ ಹಾಗೆ.

ಆಮೇಲೆ ಆಗುವುದು ಇನ್ನೂ ಕೆಟ್ಟದ್ದು. ಎರಡು ತುಂಡಿನ ನಡುವೆ ಸಣ್ಣ ಸಣ್ಣ ಕಾಲುವೆಗಳಿವೆ. ಟ್ಯಾಂಕಿನಿಂದ ಮೊದಲ ತುಂಡಿಗೆ ಬಂದ ನೀರು ಆ ಕಾಲುವೆಗಳ ಮೂಲಕ ಎರಡನೆಯದಕ್ಕೆ ನುಗ್ಗುತ್ತೆ, ಅಲ್ಲಿಂದ ತಪ್ಪು ಪೈಪಿನಲ್ಲಿ ಹಿಂದಕ್ಕೆ ಹರಿದು ಬಸಿಗಾಲುವೆಗೆ ಸುಮ್ನೆ ಹೋಗುತ್ತೆ. ನಿನ್ನ ಬಲ ಕೊರೊನರಿಯ ರಕ್ತ ಹೀಗೇ ಎಡದ್ದಕ್ಕೆ ಬಂದು, ಎಡದ್ದರಲ್ಲಿ ಉಲ್ಟಾ ಹರಿದು, ಪಲ್ಮನರಿ ಆರ್ಟರಿಗೆ ಸೋರುತ್ತಿತ್ತು. ಎಡ ಕೋಣೆಯ ಗೋಡೆ ದಿನವೂ ಹಸಿದಿರುತ್ತಿತ್ತು. ನಡುವಿನ ಕಾಲುವೆಗಳು ಚೆನ್ನಾಗಿ ಬೆಳೆದ ಕೆಲವರು ದೊಡ್ಡವರಾಗುವವರೆಗೂ ಬದುಕುತ್ತಾರೆ. ಆ ಕಾಲುವೆಗಳು ಬೆಳೆಯದ ಮಕ್ಕಳು, ಆಪರೇಷನ್ ಆಗದಿದ್ದರೆ, ಬಹುತೇಕ ಮೊದಲ ವರ್ಷ ದಾಟುವುದಿಲ್ಲ.

ಎರಡು ತಿಂಗಳಾಗುವವರೆಗೆ ನೀನು ಚೆನ್ನಾಗಿದ್ದೆ. ಆಮೇಲೆ ಹಾಲು ಕುಡಿಯುವಾಗ ಶುರುವಾಯಿತು. ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುತ್ತಿದ್ದೆ. ಮುಖ ಬಿಳಿಚುತ್ತಿತ್ತು. ಹಣೆಯ ಮೇಲೆ ಬೆವರು ಸಾಲಾಗಿ ಕೂರುತ್ತಿತ್ತು, ಪುಷ್ಯದ ಚಳಿಯಲ್ಲಿ. ಕಾಲು ಮಡಚಿಕೊಂಡು ಚೀರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿದ್ದೆ. ಗ್ಯಾಸು ಅಂದರು. ಅಜ್ಜಿ ಓಮದ ನೀರು ಕುಡಿಸಿದರು, ಹೊಕ್ಕುಳಿಗೆ ಇಂಗು ಹಚ್ಚಿದರು, ದೃಷ್ಟಿ ತೆಗೆದರು. ಒಬ್ಬ ಡಾಕ್ಟರು ಗ್ರೈಪ್ ವಾಟರ್ ಬರೆದುಕೊಟ್ಟರು. ಅದು ಹೊಟ್ಟೆನೋವಲ್ಲ ಅಂತ ನಮಗೆ ಆಮೇಲೆ ಗೊತ್ತಾಯಿತು. ಎಳೆಗೂಸಿಗೆ ಹಾಲು ಕುಡಿಯುವುದೇ ದೊಡ್ಡ ಮೈಕೆಲಸ. ನಾವು ಗುಡ್ಡ ಹತ್ತಿದಷ್ಟು. ದೊಡ್ಡವರಿಗೆ ಗುಡ್ಡ ಹತ್ತುವಾಗ ಎದೆ ಹಿಡಿಯುತ್ತದಲ್ಲ, ನಿನಗೆ ಹಾಲು ಕುಡಿಯುವಾಗ ಬರುತ್ತಿದ್ದದ್ದು ಅದೇ ನೋವು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತೆ.

ಮೂರನೇ ತಿಂಗಳಲ್ಲಿ ಕೆಮ್ಮು, ಏದುಸಿರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಎಕ್ಸ್‌ರೇ ತೆಗೆದರು. ಎದೆಯ ತುಂಬ ಹೃದಯವೇ ಇತ್ತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದವರು, "ತೂತು ಎಲ್ಲೂ ಇಲ್ಲ, ಎಡಗಡೆಯ ಎರಡು ಕೋಣೆಗಳ ನಡುವಿನ ವಾಲ್ವ್ ಸೋರುತ್ತಿದೆ, ಸ್ನಾಯು ವೀಕು, ಪಂಪಿಂಗ್ 25 ಪರ್ಸೆಂಟ್" ಅಂದರು. ಸಾಮಾನ್ಯವಾಗಿ 55ಕ್ಕಿಂತ ಮೇಲೆ ಇರಬೇಕು. ವೈರಸ್ಸಿನಿಂದ ಆಗಿರಬಹುದು, ಔಷಧಿ ಕೊಟ್ಟು ನೋಡೋಣ ಅಂದರು. ಅವರು ಎಕೋದಲ್ಲಿ ಕಂಡು ಹೇಳಿದ್ದು ಒಂದೂ ಸುಳ್ಳಲ್ಲ. ತೂತು ಇರಲಿಲ್ಲ. ಸ್ನಾಯು ವೀಕಾಗಿಯೇ ಇತ್ತು. ಅದು ಯಾಕೆ ವೀಕಾಯಿತು ಅನ್ನುವುದು ಮಾತ್ರ ಉಳಿದುಹೋಗಿತ್ತು. ಅಲ್ಕಾಪಾ ಇರುವ ಎಷ್ಟೋ ಮಕ್ಕಳಿಗೆ ಮೊದಲು ಸಿಗುವ ಚೀಟಿ ಇದೇ.

ಅಡಿಕೆ ಇನ್ನೂ ಒಣಗುತ್ತಿತ್ತು. ಮಂಡಿಯಲ್ಲಿ ಮುಂಗಡ ತೆಗೆದುಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟೆವು.

ಅಲ್ಲಿ ನಿನ್ನನ್ನು ನೋಡಿದ ಡಾಕ್ಟರಮ್ಮ ಮೊದಲು ಕೈಗೆತ್ತಿಕೊಂಡದ್ದು ಇಸಿಜಿ. ಹಳೆಯ ಫೈಲಿನಲ್ಲಿ ಮಡಚಿಕೊಂಡು ಬಿದ್ದಿದ್ದ ಗುಲಾಬಿ ಚೌಕಳಿ ಕಾಗದ. ಒಂದು ಮತ್ತು ಎವಿಎಲ್ ಅನ್ನುವ ಎರಡು ಸಾಲುಗಳನ್ನು ಬೆರಳಿಟ್ಟು ತೋರಿಸಿದರು. ಗೆರೆ ಮೇಲೇಳುವ ಮೊದಲು ಕೆಳಗೆ ಆಳಕ್ಕೆ ಇಳಿದಿತ್ತು. "ಐವತ್ತು ವರ್ಷದವರಿಗೆ ಹಾರ್ಟ್ ಅಟ್ಯಾಕ್ ಆದರೆ ಹೀಗೆ ಬರುತ್ತೆ. ಮೂರು ತಿಂಗಳ ಮಗುವಿಗೆ ಯಾಕೆ ಬಂತು?" ಅಂದರು. ನಮ್ಮನ್ನು ಕೇಳಿದ್ದಲ್ಲ, ತಮಗೆ ತಾವೇ ಕೇಳಿಕೊಂಡದ್ದು. ಆ ಪ್ರಶ್ನೆ ಅವತ್ತು ಬಾರದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಇದೇ ಸುಳಿವು ಹಿಂದೆಯೂ ಒಂದು ಕೂಸಿನಲ್ಲಿ ಸಿಕ್ಕಿತ್ತಂತೆ. 1933ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಬ್ಲಾಂಡ್, ವೈಟ್, ಗಾರ್ಲೆಂಡ್ ಅನ್ನುವ ಮೂವರು ಡಾಕ್ಟರು ಮೂರು ತಿಂಗಳ ಮಗುವಿನ ಬಗ್ಗೆ ಬರೆದರು. ಹಾಲು ಕುಡಿಯುವಾಗ ಅದೇ ಬೆವರು, ಅದೇ ಬಿಳಿಚುವುದು, ಇಸಿಜಿಯಲ್ಲಿ ದೊಡ್ಡವರ ಹೃದಯಾಘಾತದಂಥ ಬದಲಾವಣೆ. ಆಗ ಎಕೋ ಇರಲಿಲ್ಲ, ಆಪರೇಷನ್ನೂ ಇರಲಿಲ್ಲ. ನಾಳ ಎಲ್ಲಿಂದ ಹುಟ್ಟಿದೆ ಅಂತ ಗೊತ್ತಾದದ್ದು ಮಗು ಹೋದ ಮೇಲೆ. ಇವತ್ತಿಗೂ ಈ ತೊಂದರೆಗೆ ಆ ಮೂವರ ಹೆಸರು ಇದೆ. ಆ ಮಗುವನ್ನು ನಾನು ಆಗಾಗ ನೆನೆಯುತ್ತೇನೆ.

ಮತ್ತೆ ಎಕೋ. ನಿನಗೆ ನಿದ್ದೆಯ ಸಿರಪ್ ಕುಡಿಸಿದರು. ಕತ್ತಲೆ ಕೋಣೆ, ಎದೆಯ ಮೇಲೆ ತಣ್ಣನೆಯ ಜೆಲ್ಲು. ಮುಕ್ಕಾಲು ಗಂಟೆ ಆಯಿತು. ಅವರು ಪರದೆಯನ್ನು ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು. ಅಯೋರ್ಟಾ ಅಡ್ಡ ಕೊಯ್ದ ಬಳೆಯ ಹಾಗೆ ದುಂಡಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಎಡ ಕೊರೊನರಿ, ಬಳೆಗೆ ಅಂಟಿಕೊಂಡ ಹಾಗೇ ಇತ್ತು. "ಇದು ಮೋಸ ಮಾಡುತ್ತೆ. ಅಲ್ಲಿ ಹೃದಯದ ಹೊದಿಕೆಯ ಒಂದು ಸಂದು ಇದೆ, ಅದೇ ನಾಳದ ಬುಡ ಅನ್ನಿಸಿಬಿಡುತ್ತೆ. ಆಕಾರ ನೋಡಿ ನಂಬಬಾರದು, ರಕ್ತ ಯಾವ ಕಡೆ ಹರಿಯುತ್ತೆ ನೋಡಬೇಕು" ಅಂದರು.

ಆಮೇಲೆ ಬಣ್ಣ ಹಾಕಿದರು. ಎಕೋದಲ್ಲಿ ಕೆಂಪು ಅಂದರೆ ಒಳ್ಳೆಯ ರಕ್ತ, ನೀಲಿ ಅಂದರೆ ಕೆಟ್ಟ ರಕ್ತ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಎದೆಯ ಮೇಲೆ ಹಿಡಿದ ಎಕೋ ಉಪಕರಣದ ಕಡೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ, ಅಷ್ಟೇ. ಕೊರೊನರಿಯ ಹರಿವು ನಿಧಾನ, ಮಾಮೂಲಿ ಅಳತೆಯಲ್ಲಿ ಬಣ್ಣವೇ ಬರುವುದಿಲ್ಲ. ಅವರು ಗುಂಡಿ ತಿರುಗಿಸಿ ವೇಗದ ಅಳತೆ ಇಳಿಸಿದರು. ಎಡ ಕೊರೊನರಿಯ ಮುಂದಿನ ಕವಲಿನಲ್ಲಿ ಎಳೆಯಂಥ ಒಂದು ಗೆರೆ ಮೂಡಿತು. ಅಯೋರ್ಟಾದಿಂದ ಹೊರಟಿದ್ದರೆ ಕೆಂಪಾಗಿರಬೇಕಿತ್ತು. ಅದು ನೀಲಿಯಾಗಿತ್ತು. ಹೃದಯ ಸಡಿಲ ಆದಾಗಲೆಲ್ಲ ಪಲ್ಮನರಿ ಆರ್ಟರಿಯ ಒಳಗೆ ಸಣ್ಣ ಚಿಲುಮೆ ಚಿಮ್ಮುತ್ತಿತ್ತು. ಬಲ ಕೊರೊನರಿ ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ದಪ್ಪ, ಎರಡು ಮನೆಯ ಕೆಲಸ ಅದೊಂದೇ ಮಾಡುತ್ತಿತ್ತಲ್ಲ. ವಾಲ್ವನ್ನು ಹಿಡಿದಿಡುವ ಸ್ನಾಯುಕಂಬಗಳು ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತಿದ್ದವು. ರಕ್ತವಿಲ್ಲದೆ ಗಾಯ ಆದ ಗುರುತು ಅದು. ವಾಲ್ವ್ ಸೋರುತ್ತಿದ್ದದ್ದೂ ಅದಕ್ಕೇ. ಶಿವಮೊಗ್ಗದ ಚೀಟಿಯಲ್ಲಿದ್ದ ಒಂದೊಂದು ಸಾಲಿಗೂ ಅವತ್ತು ಕಾರಣ ಸಿಕ್ಕಿತು.

ಮರುದಿನ ಸಿಟಿ ಆಂಜಿಯೋ. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆದರು. ಪಲ್ಮನರಿ ಆರ್ಟರಿಯ ಹಿಂಬದಿಯಿಂದ, ಎಡಕ್ಕೆ, ಎಡ ಕೊರೊನರಿ ಹೊರಡುವುದು ನನ್ನಂಥವನಿಗೂ ಕಂಡಿತು. ಅಯೋರ್ಟಾಕ್ಕೂ ಅದಕ್ಕೂ ಒಂದು ಬೆರಳಿನಷ್ಟೂ ದೂರ ಇರಲಿಲ್ಲ.

ಆಪರೇಷನ್ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಆಗ ನೀನು ನಾಲ್ಕು ಕಿಲೋ ಇದ್ದೆ. ಹಾರ್ಟ್-ಲಂಗ್ ಮಷಿನ್ ಹಾಕಿ, ಎಡ ಕೊರೊನರಿಯ ಬಾಯನ್ನು ಸುತ್ತಲಿನ ಗೋಡೆಯ ಸಮೇತ ಅಂಗಿಯ ಗುಂಡಿಯಷ್ಟು ಕತ್ತರಿಸಿ ತೆಗೆದರು. ಅದನ್ನು ಅಯೋರ್ಟಾಕ್ಕೆ ಹೊಲಿದರು. ಪಲ್ಮನರಿ ಆರ್ಟರಿಯಲ್ಲಿ ಉಳಿದ ಜಾಗಕ್ಕೆ ನಿನ್ನದೇ ಹೃದಯದ ಹೊದಿಕೆಯ ತುಂಡಿನಿಂದ ತೇಪೆ. ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದೆ. ಹತ್ತನೇ ದಿನ ಅಮ್ಮ ಚಮಚದಲ್ಲಿ ಹಾಲು ಕುಡಿಸಿದಳು. ಅವಳು ನೋಡುತ್ತಿದ್ದದ್ದು ನಿನ್ನ ಬಾಯಿಯನ್ನಲ್ಲ, ಹಣೆಯನ್ನು. ಒಣಗಿತ್ತು.

ಹಸಿವಿನಿಂದ ಮಂಕಾದ ಸ್ನಾಯು ಎಲ್ಲ ಸತ್ತಿರುವುದಿಲ್ಲ, ರಕ್ತ ಬಂದರೆ ಏಳುತ್ತೆ ಅಂತ ಡಾಕ್ಟರಮ್ಮ ಹೇಳಿದ್ದರು. ಮೂರು ತಿಂಗಳಿಗೆ ಪಂಪಿಂಗ್ 40 ಆಯಿತು, ವರ್ಷಕ್ಕೆ 58. ವಾಲ್ವಿಗೆ ಕೈ ಹಚ್ಚಿರಲೇ ಇಲ್ಲ, ಸೋರುವುದು ತಾನಾಗಿಯೇ ಕಡಿಮೆ ಆಯಿತು.

ಈಗ ನಿನ್ನ ಕೆಲಸ. ಹೊಸ ಡಾಕ್ಟರಿಗೆ ಹೀಗೆ ಹೇಳು: "ನನಗೆ ಅಲ್ಕಾಪಾ ಇತ್ತು. ಮೂರು ತಿಂಗಳಿದ್ದಾಗ ಎಡ ಕೊರೊನರಿಯನ್ನು ಅಯೋರ್ಟಾಕ್ಕೆ ಸೇರಿಸಿದ್ದಾರೆ." ಆಗ ಅವರಿಗೆ ಏನು ನೋಡಬೇಕು ಅಂತ ಗೊತ್ತಾಗುತ್ತೆ. ಹೊಲಿದ ಬಾಯಿ ಬೆಳೆಯುತ್ತಾ ಕಿರಿದಾಗಿದೆಯಾ, ವಾಲ್ವ್ ಹೇಗಿದೆ, ಓಡಿದಾಗ ಹೃದಯಕ್ಕೆ ರಕ್ತ ಸಾಲುತ್ತಾ. ಟ್ರೆಡ್‌ಮಿಲ್ ಮಾಡಿಸಬಹುದು. ಹಳೆಯ ಗಾಯದ ಗುರುತು ಎಷ್ಟಿದೆ ಅಂತ ಎಂಆರ್‌ಐ ಕೇಳಬಹುದು. ಹೆದರಬೇಡ, ಮಾಡಿಸು. ಇದು ಜೀವನಪೂರ್ತಿ ಇರುವ ತಪಾಸಣೆ. ಮೆಟ್ಟಿಲು ಹತ್ತುವಾಗಲೋ ಥ್ರೋಬಾಲ್ ಆಡುವಾಗಲೋ ಎದೆ ಹಿಡಿದರೆ, ಕಣ್ಣು ಕತ್ತಲಾದರೆ, ಅದನ್ನು ಗ್ಯಾಸು ಅನ್ನಲು ಯಾರಿಗೂ ಬಿಡಬೇಡ. ನೀನೂ ಅನ್ನಬೇಡ. ಅವತ್ತೇ ಹೋಗು, ಆಮೇಲೆ ನನಗೆ ಫೋನ್ ಮಾಡು.

ಹಳೆಯ ಫೈಲು, ಸಿಟಿಯ ಸಿಡಿ, ಡಿಸ್ಚಾರ್ಜ್ ಸಮರಿ ಎಲ್ಲ ಇದರ ಜೊತೆ ಕಳಿಸುತ್ತಿದ್ದೇನೆ. ಆ ಗುಲಾಬಿ ಕಾಗದವೂ ಇದೆ. ಅಚ್ಚು ಮಾಸಿದೆ, ಬಿಸಿಲಿಗೆ ಇಡಬೇಡ. ಎಕೋ ಮಾಡುವಾಗ ಪರದೆಯನ್ನು ನಿನ್ನ ಕಡೆ ತಿರುಗಿಸಲು ಕೇಳು. ಬಣ್ಣದ ಅಳತೆ ಇಳಿಸಿ ಎಡ ಕೊರೊನರಿ ತೋರಿಸಿ ಅನ್ನು. ನಾನು ಪ್ರತಿ ವರ್ಷ ಕೇಳಿ ನೋಡುತ್ತಿದ್ದೆ, ನೀನು ಮಲಗಿಕೊಂಡು ಚಾವಣಿ ನೋಡುತ್ತಿದ್ದೆ. ಬಳೆಯ ಪಕ್ಕದಲ್ಲಿ ಸಣ್ಣ ಎಳೆ ಬರುತ್ತೆ, ಹೃದಯದ ಪ್ರತಿ ಬಡಿತಕ್ಕೂ ಒಮ್ಮೆ. ಈಗ ಅದು ಕೆಂಪಾಗಿದೆ.

ನಿನ್ನ
ಅಪ್ಪ