ಕಾಫಿ ತಾತ ನಿನ್ನೆ ಬರಲಿಲ್ಲ

ಹ್ಯಾರಿಸ್‌ಬರ್ಗ್,
ಅಕ್ಟೋಬರ್ 21, 2024

ಪುಟ್ಟಿ,

ಇದರ ಜೊತೆಗಿರುವ ದಪ್ಪ ಕವರ್ ನಿನ್ನ ಅಂಚೆ ಬ್ಯಾಲೆಟ್. ನೀನು ಫಿಲಡೆಲ್ಫಿಯಾಕ್ಕೆ ಹೋದ ಮೇಲೆ ಮನೆ ಅಡ್ರೆಸ್ಸಿಗೆ ಬಂತು. ಬರುವ ತನಕ ಇಟ್ಟುಕೊಳ್ಳೋಣ ಅಂದರೆ ದೀಪಾವಳಿಗೂ ಬರಲ್ಲ ಅಂತ ಅಮ್ಮನಿಗೆ ಮೆಸೇಜ್ ಹಾಕಿದ್ದೀಯ. ಒಳಗೆ ಇನ್ನೊಂದು ಕವರ್ ಇದೆ ನೋಡು. ಬ್ಯಾಲೆಟ್ ಮೊದಲು ಅದರಲ್ಲಿ, ಆಮೇಲೆ ಹೊರಗಿನದರಲ್ಲಿ. ಒಳಗಿನ ಕವರ್ ಇಲ್ಲದಿದ್ದರೆ ಪೆನ್ಸಿಲ್ವೇನಿಯಾದಲ್ಲಿ ವೋಟು ಲೆಕ್ಕಕ್ಕಿಲ್ಲ. ಹೊರಗೆ ಸಹಿ ಮಾಡಿ ತಾರೀಕು ಹಾಕು. ಹುಟ್ಟಿದ ತಾರೀಕಲ್ಲ, ಅವತ್ತಿನ ತಾರೀಕು. ನವೆಂಬರ್ 5ರ ರಾತ್ರಿ 8 ಗಂಟೆಯೊಳಗೆ ನಮ್ಮ ಕೌಂಟಿ ಆಫೀಸಿಗೆ ಮುಟ್ಟಿರಬೇಕು, ಪೋಸ್ಟಿನ ಸೀಲು ಬಿದ್ದಿದೆ ಅಂದರೆ ಸಾಲದು. ಊರವರಿಗೆಲ್ಲ ಬಾಗಿಲು ಬಾಗಿಲಿಗೆ ಹೋಗಿ ಇದನ್ನೇ ಹೇಳಿಕೊಡುತ್ತಿರುವವಳಿಗೆ ನಾನು ಹೇಳಿಕೊಡುತ್ತಿದ್ದೇನೆ. ಇರಲಿ.

ಕವರ್ ಒಂದನ್ನೇ ಕಳಿಸಬಹುದಿತ್ತು. ಫೋನಿನಲ್ಲಿ ಮಾತಾಡಿದರೆ ನಾನು ದನಿ ಏರಿಸುತ್ತೇನೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಚರ್ಚಿನಲ್ಲಿ ಕಾಫಿ ಹೊತ್ತಿನಲ್ಲಿ ಆದದ್ದನ್ನು ಮತ್ತೆ ಬರೆಯಲ್ಲ. ನೀನು ಆಡಿದ ಮಾತು ನಿನಗೆ ಗೊತ್ತು, ಎಲ್ಲರೆದುರು ನಾನು ನಿನ್ನ ತೋಳು ಹಿಡಿದು ಆಚೆ ಕರೆದುಕೊಂಡು ಹೋದದ್ದೂ ಗೊತ್ತು. ಇಪ್ಪತ್ತು ವರ್ಷದ ಮಗಳನ್ನು ಹಾಗೆ ಎಳೆಯಬಾರದಿತ್ತು. ಅಷ್ಟಕ್ಕೆ ಬೇಜಾರಿದೆ. ಮಾತು ತಡೆದದ್ದಕ್ಕೆ ಇಲ್ಲ.

ನಿನ್ನೆ ಕಾಫಿ ತಾತ ಬರಲಿಲ್ಲ. ಕಾಫಿ ಬೇರೆ ಯಾರೋ ಹಾಕಿದರು. ನೀರು ನೀರು. ತಾತ ಪುಡಿಯ ಮೇಲೆ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದರಲ್ಲ, ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಸಕ್ಕರೆ ಸುರಿದುಕೊಂಡು ಸುಮ್ನೆ ಕುಡಿದರು. ಯಾರೂ ನಿನ್ನ ಹೆಸರು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಪ್ರೀತಿ, ಸಮಾನತೆ ಅಂತ ಪ್ರತಿವಾರ ದೀಪ ಹಚ್ಚಿ ಹೇಳುವ ಜಾಗದಲ್ಲಿ ಕೂತು, ಮನೆ ಮುಂದೆ ಟ್ರಂಪ್ ಪರದ ಆ ಬೋರ್ಡು ನೆಟ್ಟುಕೊಳ್ಳುವುದು ಹೇಗೆ ಅಂತ ತಾತನನ್ನು ಕೇಳಿದೆಯಲ್ಲ, ಆ ಪ್ರಶ್ನೆ ಸುಳ್ಳಲ್ಲ. ನನಗೂ ಅದು ಅರಗಿಲ್ಲ. ಸ್ಟೀಲ್ಟನ್ನಿನ ಉಕ್ಕಿನ ಕಾರ್ಖಾನೆಯಲ್ಲಿ ಜೀವ ತೇಯ್ದ ಮನುಷ್ಯ. ಅವರ ಲೆಕ್ಕಾಚಾರ ಅವರಿಗಿದೆ, ನನಗೆ ಒಪ್ಪಿಗೆಯಿಲ್ಲ. ಜೂನಿನಲ್ಲಿ ನಮ್ಮ ಪಂಥದ, ಅಂದರೆ ಎಲ್ಲ ನಂಬಿಕೆಯವರಿಗೂ ಜಾಗ ಕೊಡುವ ಯೂನಿಟೇರಿಯನ್ ಯೂನಿವರ್ಸಲಿಸ್ಟರ (ಯುಯು) ಮಹಾಸಭೆ 1985ರಿಂದ ಇದ್ದ ಏಳು ತತ್ವಗಳನ್ನು ತೆಗೆದು ಹೊಸ ಮಾತು ಬರೆಯಿತಲ್ಲ, ಆಗ ಎಲ್ಲರಿಗಿಂತ ಜಾಸ್ತಿ ನೊಂದವರು ಇವರೇ. ನೂರಕ್ಕೆ ಎಂಬತ್ತು ಜನ ಒಪ್ಪಿದರು, ತಾತ ಉಳಿದ ಇಪ್ಪತ್ತರ ಕಡೆ. 'ಪ್ರತಿಯೊಬ್ಬ ಮನುಷ್ಯನಿಗೂ ಹುಟ್ಟಿನಿಂದಲೇ ಬೆಲೆಯಿದೆ, ಘನತೆಯಿದೆ' ಅನ್ನುವ ಮೊದಲನೆಯದನ್ನು ಓದಿಯೇ ಈ ಚರ್ಚಿಗೆ ಬಂದೆ ಅನ್ನುತ್ತಿದ್ದರು. ಹೊಸದರಲ್ಲೂ ಆ ಅರ್ಥದ ಮಾತು ಇದೆ ಅಂತ ನಾನು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ಏನೂ ಹೇಳಲಿಲ್ಲ. ಅಂಥವರು ಆ ಬೋರ್ಡನ್ನೂ ನೆಡುತ್ತಾರೆ. ನಮ್ಮ ಮೈಸೂರಿನ ಮನೆಯ ವಾಟ್ಸಾಪ್ ಗುಂಪಿನಲ್ಲಿ ಏಪ್ರಿಲಿನ ಚುನಾವಣೆ ಹೊತ್ತಿಗೆ ನಿನ್ನ ದೊಡ್ಡಪ್ಪ ಹಾಕುತ್ತಿದ್ದ ಮೆಸೇಜುಗಳನ್ನು ಅಮ್ಮ ನಿನಗೆ ತೋರಿಸಿಲ್ಲ, ಒಳ್ಳೆಯದೇ ಆಯಿತು.

ನಮ್ಮ ರೆವರೆಂಡ್ ಯಾವ ಅಭ್ಯರ್ಥಿಯ ಹೆಸರೂ ಹೇಳಲ್ಲ, ಬರೀ ಹೇಡಿತನ ಅಂದೆ ನೀನು. ಅದಕ್ಕೆ ಕಾರಣ 1954ರಲ್ಲಿ ಲಿಂಡನ್ ಜಾನ್ಸನ್ ಸೆನೆಟರ್ ಆಗಿದ್ದಾಗ ತಂದ ತೆರಿಗೆ ಕಾಯಿದೆಯ ತಿದ್ದುಪಡಿ. ತೆರಿಗೆ ವಿನಾಯಿತಿ ಪಡೆಯುವ ಯಾವ ಚರ್ಚೂ, ಯಾವ ದೇವಸ್ಥಾನವೂ ಇಂಥವರಿಗೆ ವೋಟು ಹಾಕಿ ಅನ್ನುವಂತಿಲ್ಲ, ಇಂಥವರಿಗೆ ಬೇಡ ಅನ್ನುವಂತೆಯೂ ಇಲ್ಲ. ವಿಷಯಗಳ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು, ಜನರನ್ನು ಮತಗಟ್ಟೆಗೆ ಹೊರಡಿಸಬಹುದು. 2020ರಿಂದ ನಮ್ಮವರು ನಡೆಸುತ್ತಿರುವ 'ಯುಯು ದ ವೋಟ್' ಅಭಿಯಾನ ಅದೇ ತಾನೇ? ಬುಧವಾರ ಬುಧವಾರ ನೆಲಮಾಳಿಗೆಯಲ್ಲಿ ಕೂತು ಪೋಸ್ಟ್‌ಕಾರ್ಡ್ ಬರೆಯುತ್ತೇವೆ. ಅಭ್ಯರ್ಥಿಯ ಹೆಸರಿಲ್ಲ, 'ತಪ್ಪದೆ ಮತ ಹಾಕಿ' ಅಂತ ಅಷ್ಟೇ. ನನ್ನ ಅಕ್ಷರ ದುಂಡಗಿದೆ ಅಂತ ಎಲ್ಲರೂ ಹೊಗಳುತ್ತಾರೆ, ಎಲ್ಲ ಮೈಸೂರಿನ ಶಾಲೆಯಲ್ಲಿ ದಿನಾ ಕಾಪಿ ಬರೆದ ಫಲ. ಕಪ್ಪು ಜನರ ಮತದಾನದ ಹಕ್ಕಿನ ಹೋರಾಟಕ್ಕೆ ಅಲಬಾಮಾದ ಸೆಲ್ಮಾಗೆ ಹೋಗಿ ಹೊಡೆತ ತಿಂದು 1965ರ ಮಾರ್ಚಿನಲ್ಲಿ ಸತ್ತ ಜೇಮ್ಸ್ ರೀಬ್ ನಮ್ಮ ಪಂಥದ ಪಾದ್ರಿ. ಅದೇ ತಿಂಗಳು ಗುಂಡಿಗೆ ಬಲಿಯಾದ ವಯೋಲಾ ಲಿಯುಜೊ ಡೆಟ್ರಾಯಿಟ್‌ನ ನಮ್ಮ ಸದಸ್ಯೆ. ಆ ವರ್ಷ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು. ಸಂಡೇ ಸ್ಕೂಲಿನಲ್ಲಿ ಇದನ್ನೆಲ್ಲ ಕಲಿತುಕೊಂಡು ಬಂದು ನನಗೆ ಹೇಳಿದವಳು ನೀನು. ಹೇಡಿಗಳ ಮನೆ ಅಲ್ಲ ಮಗಳೇ ಅದು.

ಭಾಷಣ ಆಯಿತು ಅಲ್ವಾ? ಅಮ್ಮ ಹಿಂದಿನಿಂದ ಇಣುಕಿ ನೋಡಿ ಹಾಗೇ ಅಂದಳು.

ನೀನು ಯಾವತ್ತೂ ಕೇಳದ ಒಂದು ವಿಷಯ ಹೇಳುತ್ತೇನೆ. ಚರ್ಚಿನಲ್ಲಿ ಭಾನುವಾರದ ಪ್ರಾರ್ಥನಾ ಸೇವೆ ಶುರುವಾದ ಮೇಲೂ ಅಪ್ಪ ಯಾಕೆ ಬಾಗಿಲ ಹತ್ತಿರವೇ ನಿಂತಿರುತ್ತಾನೆ, ಒಳಗೆ ಬಂದು ನಮ್ಮ ಜೊತೆ ಯಾಕೆ ಕೂರಲ್ಲ ಅಂತ. ಹಾಡು ಬರಲ್ಲ, ಅದಕ್ಕೇ ಅಂತ ನೀವಿಬ್ಬರೂ ನಗುತ್ತಿದ್ದಿರಿ.

ನಾವು ಆ ಚರ್ಚಿಗೆ ಹೋಗಲು ಶುರು ಮಾಡಿ ಕೆಲವೇ ತಿಂಗಳಾಗಿತ್ತು. ನಿನಗೆ ನಾಲ್ಕು ವರ್ಷ. ಪಕ್ಕದ ಮನೆಯವರು ಊಟಕ್ಕೆ ಅಂತ ಕರೆದುಕೊಂಡು ಹೋಗಿದ್ದರು. ಗಣಪತಿ ಕೂರಿಸುವುದನ್ನು ಬಿಡಿ ಅಂತ ಯಾರೂ ಹೇಳಲಿಲ್ಲ, ಹೀಗಾಗಿ ಉಳಿದೆವು. 2008, ಜುಲೈ 27, ಭಾನುವಾರ. ಅದೂ ಚುನಾವಣೆ ವರ್ಷವೇ. ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ನಮ್ಮದೇ ಪಂಥದ ಚರ್ಚು. ಅಂದು ಪ್ರವಚನ ಇರಲಿಲ್ಲ, ಮಕ್ಕಳ ನಾಟಕ. ಒಬ್ಬ ಮನುಷ್ಯ ಗಿಟಾರಿನ ಪೆಟ್ಟಿಗೆ ಹಿಡಿದು ಒಳಗೆ ಬಂದ. ಗಿಟಾರಿನ ಪೆಟ್ಟಿಗೆ ನೋಡಿ ಚರ್ಚಿನಲ್ಲಿ ಯಾರು ತಡೆಯುತ್ತಾರೆ ಹೇಳು? ಒಳಗೆ ಬಂದೂಕು ಇತ್ತು. ಮೊದಲನೆಯ ಸದ್ದು ನಾಟಕದ್ದೇ ಇರಬೇಕು ಅಂದುಕೊಂಡರಂತೆ ಜನ.

ಬಾಗಿಲ ಹತ್ತಿರ ಬಂದವರನ್ನು ಬರಮಾಡಿಕೊಳ್ಳುತ್ತಿದ್ದ ಸ್ವಯಂಸೇವಕರೊಬ್ಬರು, 60 ವರ್ಷದವರು, ಗುಂಡಿಗೆ ಅಡ್ಡ ನಿಂತರು. ಸತ್ತರು. ಹತ್ತಿರದ ನಮ್ಮದೇ ಪಂಥದ ಇನ್ನೊಂದು ಚರ್ಚಿನಿಂದ ನಾಟಕ ನೋಡಲು ಬಂದಿದ್ದ ಹೆಂಗಸೊಬ್ಬರೂ ಸತ್ತರು. ಅಷ್ಟರಲ್ಲಿ ಸಭೆಯಲ್ಲಿದ್ದವರೇ ಮೇಲೆ ಬಿದ್ದು ಅವನನ್ನು ಹಿಡಿದರು. ಮಕ್ಕಳಿಗೆ ಗುಂಡು ತಗಲಲಿಲ್ಲ. ಅವನ ಕಾರಿನಲ್ಲಿ ಕಾಗದ ಸಿಕ್ಕಿತು. ಉದಾರವಾದಿಗಳನ್ನು ಕಂಡರೆ ಆಗಲ್ಲ, ಅದಕ್ಕೇ ಈ ಚರ್ಚನ್ನು ಆರಿಸಿಕೊಂಡೆ ಅಂತ ಬರೆದಿದ್ದ. ಪೊಲೀಸರು ಬಂದು ತನ್ನನ್ನು ಕೊಂದೇ ಬಿಡುತ್ತಾರೆ ಅಂದುಕೊಂಡಿದ್ದ. ಈಗ ಜೀವಾವಧಿ ಜೈಲಿನಲ್ಲಿದ್ದಾನೆ.

ಸುದ್ದಿ ಬಂದಾಗ ನೀನು ನಮ್ಮ ಚರ್ಚಿನ ಕೆಳಗಿನ ಕೋಣೆಯಲ್ಲಿ ಕಾಗದದ ಪ್ಲೇಟಿಗೆ ಬಣ್ಣ ಬಳಿಯುತ್ತಿದ್ದೆ. ಕಿಟಕಿ ನೆಲದ ಮಟ್ಟದಲ್ಲಿ, ಒಂದೇ ಬಾಗಿಲು. ನಾನು ಅಲ್ಲಿಗೆ ಹೋಗಿ ನಿಂತು ಆ ಬಾಗಿಲನ್ನೇ ನೋಡುತ್ತಿದ್ದೆ. ಅದರ ಚಿಲಕ ಒಳಗಿನಿಂದ ಹಾಕಲು ಬರುತ್ತಿರಲಿಲ್ಲ. ಎಳೆದರೆ ತಿರುಗಿ ಅರ್ಧ ತೆರೆದುಕೊಳ್ಳುತ್ತಿತ್ತು, ಅಷ್ಟು ಸಡಿಲ. ನೀನು 'ಅಪ್ಪಾ ನನ್ನ ಎತ್ಕೋಬೇಡ, ಬಣ್ಣ ತಾಗತ್ತೆ' ಅಂದೆ. ಈಗಲೂ ರಾತ್ರಿ ನಿದ್ದೆ ಬಾರದಿದ್ದರೆ ಆ ಚಿಲಕವೇ ಕಣ್ಣಿಗೆ ಬರುತ್ತದೆ. ಅದನ್ನು ಆಮೇಲೆ ಬದಲಾಯಿಸಿದರು, ಹಿತ್ತಾಳೆಯದು ಹಾಕಿದರು. ಹೊಸದು ನೆನಪಿಗೆ ಬರಲ್ಲ, ಹಳೆಯದೇ.

ಮನೆಗೆ ಹೋಗಿ ನಿನ್ನ ಅಮ್ಮನಿಗೆ ಇನ್ನು ಅಲ್ಲಿಗೆ ಹೋಗುವುದು ಬೇಡ ಅಂದೆ. ಅವಳು ಉತ್ತರ ಕೊಡಲಿಲ್ಲ. ಮಾರನೆ ದಿನ ನಾಕ್ಸ್‌ವಿಲ್‌ನಲ್ಲಿ ಪಕ್ಕದ ಪ್ರೆಸ್ಬಿಟೇರಿಯನ್ ಚರ್ಚಿನವರು ತಮ್ಮ ಬಾಗಿಲು ತೆರೆದು ಎಲ್ಲರನ್ನೂ ಕರೆದರು. ಅಲ್ಲಿ ಆ ಮಕ್ಕಳೇ ನಾಟಕದ ಹಾಡನ್ನು ಎದ್ದು ನಿಂತು ಹಾಡಿದರಂತೆ. ಮುಂದಿನ ಭಾನುವಾರ ನಾವೂ ಹೋದೆವು. ನಾನು ಒಳಗೆ ಕೂರಲಿಲ್ಲ. ಬಾಗಿಲ ಹತ್ತಿರ ನಿಲ್ಲಲು ಯಾರು ಬರುತ್ತೀರಿ ಅಂತ ಹಾಳೆ ಅಂಟಿಸಿದ್ದರು, ಹೆಸರು ಬರೆದೆ. ಅವತ್ತಿನಿಂದ ನಿಂತಿದ್ದೇನೆ. ನಗುತ್ತಾ ಕೈ ಕುಲುಕುತ್ತೇನೆ, ಬಂದವರ ಕೈಯಲ್ಲಿ ಏನಿದೆ ಅಂತಲೂ ನೋಡುತ್ತೇನೆ. ಎರಡೂ ಒಟ್ಟಿಗೆ ಮಾಡುವುದು ನಾಚಿಕೆಯ ಕೆಲಸ. ಆದರೆ ಬಿಡಲಾಗಿಲ್ಲ. ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಪಿಟ್ಸ್‌ಬರ್ಗಿನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ 2018ರ ಅಕ್ಟೋಬರಿನಲ್ಲಿ 11 ಜನ ಸತ್ತಾಗಲೂ ಚುನಾವಣೆಗೆ ಹತ್ತು ದಿನವಿತ್ತು. ಈ ಜುಲೈನಲ್ಲಿ ಬಟ್ಲರಿನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು, ಭಾಷಣ ಕೇಳಲು ಹೋಗಿದ್ದ ಒಬ್ಬ ಮನೆಯವರಿಗೆ ಅಡ್ಡ ನಿಂತು ಸತ್ತ. ಅವನೂ ನಾಕ್ಸ್‌ವಿಲ್‌ನವರ ಹಾಗೇ ಅಡ್ಡ ನಿಂತವನು. ಯಾವ ಪಾರ್ಟಿ ಅಂತ ನೋಡಿ ಅಳಬೇಕಾ?

ನೋಡು, ಹೇಳಬೇಕಾದ್ದು ಬಿಟ್ಟು ಎಲ್ಲೋ ಹೋದೆ.

ಇಷ್ಟು ವರ್ಷ ಬಾಗಿಲಲ್ಲಿ ನಿಂತಿದ್ದಕ್ಕೆ ಹೇಳುತ್ತಿದ್ದೇನೆ, ತಾತನಿಗೆ 'ನಿಮಗೆ ಇಲ್ಲಿ ಜಾಗ ಇಲ್ಲ' ಅಂತ ನೀನು ಅಂದಾಗ ನನ್ನ ಕೈಕಾಲು ತಣ್ಣಗಾಯಿತು. ಒಳಗಿರುವವರನ್ನು ಆಚೆ ಕಳಿಸಲು ನಾನು ಅಲ್ಲಿ ನಿಂತಿಲ್ಲ. ನಿನ್ನ ಕೋಪ ನನಗೆ ಗೊತ್ತು, ನಿನ್ನ ಗೆಳತಿಯ ವಿಷಯವೂ ಗೊತ್ತು, ಆ ಬೋರ್ಡಿನಿಂದ ಅವಳಿಗೆ ಹೆದರಿಕೆಯಾಗುವುದು ನಿಜ. ಅದನ್ನು ತಾತನಿಗೆ ಹೇಳು. ಕೂರಿಸಿಕೊಂಡು ಜಗಳ ಆಡು. ನೀನು ಫಿಲಡೆಲ್ಫಿಯಾದಲ್ಲಿ ಗುರುತಿಲ್ಲದವರ ಬಾಗಿಲು ತಟ್ಟಿ, ಅವರು ಬೈದರೂ ನಗುತ್ತಾ ಮಾತಾಡಿಸಿ ಬರುತ್ತೀಯಲ್ಲ. ನಿನಗೆ ಈಜು ಕಲಿಸಲು ಕೆರೆಗೆ ಕರೆದುಕೊಂಡು ಹೋದ ತಾತನಿಗೆ ಅದರಲ್ಲಿ ಅರ್ಧದಷ್ಟಾದರೂ ತಾಳ್ಮೆ ತೋರಿಸಬಾರದಾ?

ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ದಸರಾಕ್ಕೆ ಮಾಡಿದ್ದ ಕೊಬ್ಬರಿ ಮಿಠಾಯಿ ತೆಗೆದುಕೊಂಡು ಹೋದೆ. ಒಳಗೆ ಕರೆಯಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಮಾತಾಡಿದರು. ಬೋರ್ಡು ಅಲ್ಲೇ ಇತ್ತು. ಆ ವಿಷಯ ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು: 'ಅವಳ ಕಾರಿನ ಮುಂದಿನ ಎಡಗಡೆ ಟೈರು ಸವೆದಿತ್ತು, ಬದಲಾಯಿಸಿದಳಾ?' ನನಗೆ ಅದು ಕಂಡಿರಲಿಲ್ಲ. ಬದಲಾಯಿಸಿದೆಯಾ?

ನಿನ್ನ ಮೇಲೆ ಹೆಮ್ಮೆ ಇಲ್ಲ ಅಂದುಕೊಳ್ಳಬೇಡ. ಜಾಸ್ತಿಯೇ ಇದೆ, ಎದುರಿಗೆ ಹೇಳಲು ಬರಲ್ಲ. ಮೊಮ್ಮಗಳು ಅಮೆರಿಕದ ಅಧ್ಯಕ್ಷರನ್ನು ಆರಿಸಲು ಮನೆ ಮನೆ ಅಲೆಯುತ್ತಾಳೆ ಅಂತ ಮೈಸೂರಿನಲ್ಲಿ ಅಜ್ಜಿ ತರಕಾರಿಯವನಿಗೂ ಹೇಳಿದ್ದಾರೆ. ನನಗೆ ಗ್ರೀನ್ ಕಾರ್ಡು, ಇಲ್ಲಿ ವೋಟಿಲ್ಲ. ಇಂಡಿಯಾದ ಪಾಸ್‌ಪೋರ್ಟು ಬಿಡಲು ಮನಸ್ಸಾಗಲಿಲ್ಲ, ಅಲ್ಲಿ ವೋಟು ಹಾಕಬೇಕೆಂದರೆ ಖುದ್ದಾಗಿ ಹೋಗಿ ನಿಲ್ಲಬೇಕು, ಹೀಗಾಗಿ ಅಲ್ಲೂ ಇಲ್ಲ. ನಾನು ಮತ ಹಾಕುವುದು ಆ ಚರ್ಚಿನಲ್ಲಿ ಮಾತ್ರ. ಬಜೆಟ್ಟಿಗೆ, ಪಾದ್ರಿಯನ್ನು ಆರಿಸುವುದಕ್ಕೆ, ಸೋರುವ ಚಾವಣಿಗೆ. ನೀನು ಸದಸ್ಯರ ಪುಸ್ತಕದಿಂದ ಹೆಸರು ತೆಗೆಸುತ್ತೇನೆ ಅಂದದ್ದು ನನಗೆ ಯಾಕೆ ಅಷ್ಟು ಚುಚ್ಚಿತು ಅಂತ ಈಗ ಗೊತ್ತಾಯಿತಾ? ಅದನ್ನು ಸುಮ್ನೆ ಕೋಪಕ್ಕೆ ಅಂದಿದ್ದರೆ ಸರಿ. ಯೋಚನೆ ಮಾಡಿ ಅಂದಿದ್ದರೆ, ಚುನಾವಣೆ ಮುಗಿಯಲಿ, ಆಮೇಲೆ ತೆಗೆಸು.

ಒಬ್ಬಳೇ ಯಾರ ಮನೆಗೂ ಹೋಗಬೇಡ. ಕತ್ತಲಾದ ಮೇಲೆ ಬೇಡ. ನಾಯಿ ಇರುವ ಮನೆ ಬಿಟ್ಟುಬಿಡು. ಯಾರಾದರೂ ಬಾಗಿಲು ಅರ್ಧ ತೆರೆದು ಕೈ ಹಿಂದೆ ಇಟ್ಟುಕೊಂಡಿದ್ದರೆ ಕಾಗದ ಕೊಟ್ಟು ತಿರುಗಿ ಬಾ, ವಾದ ಬೇಡ. ಗೊತ್ತು, ನಿನಗೆ ಇದನ್ನೆಲ್ಲ ಟ್ರೈನಿಂಗಿನಲ್ಲಿ ಹೇಳಿರುತ್ತಾರೆ. ಫಲಿತಾಂಶ ಅವತ್ತು ರಾತ್ರಿಯೇ ಬರದಿದ್ದರೆ ಗಾಬರಿಯಾಗಬೇಡ. ಅಂಚೆಯ ವೋಟುಗಳನ್ನು ಇಲ್ಲಿ ಚುನಾವಣೆ ದಿನ ಬೆಳಿಗ್ಗೆ 7ಕ್ಕೆ ಮುಂಚೆ ಬಿಚ್ಚುವಂತಿಲ್ಲ, ಹೋದ ಸಲ ಮಂಗಳವಾರದ್ದು ಶನಿವಾರ ಗೊತ್ತಾಯಿತು. ಯಾರೇ ಗೆಲ್ಲಲಿ, ಮರುದಿನ ಸಂಜೆ ಚರ್ಚು ತೆರೆದಿಡುತ್ತಾರಂತೆ. ಸೂಪು, ಬ್ರೆಡ್ಡು. ನಾನು ಚಿತ್ರಾನ್ನ ಒಪ್ಪಿಕೊಂಡಿದ್ದೇನೆ.

ಈ ಬುಧವಾರ ಸಮಿತಿಯಲ್ಲಿ ಇನ್ನೊಂದು ಮಾತು ಬರುತ್ತದೆ. ಸೇವೆ ಶುರುವಾದ ಮೇಲೆ ಮುಂಬಾಗಿಲಿಗೆ ಬೀಗ ಹಾಕಬೇಕೇ ಬೇಡವೇ ಅಂತ. ತಡವಾಗಿ ಬಂದವರು ಗಂಟೆ ಒತ್ತಬೇಕು, ಕ್ಯಾಮೆರಾದಲ್ಲಿ ನೋಡಿ ತೆಗೆಯುವುದು. ಪೊಲೀಸರ ಸಲಹೆಯೂ ಅದೇ. ಹದಿನಾರು ವರ್ಷದಿಂದ ನನಗೆ ಬೇಕಾಗಿದ್ದದ್ದು ಇದೇ. ಆದರೆ ತಾತ ಯಾವಾಗಲೂ ಎರಡನೇ ಹಾಡಿನ ಹೊತ್ತಿಗೆ ಬರುವವರು. ಈ ಸಲ ಬಂದು ಬಾಗಿಲು ತಳ್ಳಿ, ಅದು ತೆರೆಯದಿದ್ದರೆ, ತಿರುಗಿ ಹೋಗಿಬಿಡುತ್ತಾರೆ. ಗಂಟೆ ಒತ್ತಿ ನಿಲ್ಲುವ ಮನುಷ್ಯ ಅಲ್ಲ. ನನಗೆ ಇನ್ನೂ ತೀರ್ಮಾನ ಆಗಿಲ್ಲ. ನೀನೂ ಸದಸ್ಯೆ, ಇವತ್ತಿಗಂತೂ ಹೌದು. ಬುಧವಾರ ಏಳು ಗಂಟೆಯೊಳಗೆ ನಿನ್ನ ಅಭಿಪ್ರಾಯ ಮೆಸೇಜ್ ಮಾಡು, ಸಮಿತಿಯಲ್ಲಿ ನಿನ್ನ ಹೆಸರಿನಲ್ಲೇ ಓದಿ ಹೇಳುತ್ತೇನೆ. ನನಗೆ ಹಿಡಿಸದಿದ್ದರೂ ಓದುತ್ತೇನೆ.

ಟೈರಿಗೆ ದುಡ್ಡು ಅಕೌಂಟಿಗೆ ಹಾಕಿದ್ದೇನೆ. ಬೇರೆಯದಕ್ಕೆ ಖರ್ಚು ಮಾಡಬೇಡ.

ನಿನ್ನ
ಅಪ್ಪ